ಲಿಫ್ಟಿನೊಳಗಿನ ಇಪ್ಪತ್ತೆರಡು ಸ್ಕ್ರೂ

"ಬೆಳಿಗ್ಗೆ ಏನ್ ತಿಂದ್ರಿ?"

ಆರನೇ ಮಹಡಿಗೂ ಏಳನೇ ಮಹಡಿಗೂ ನಡುವೆ ನಿಂತುಹೋದ ಲಿಫ್ಟಿನಲ್ಲಿ ಒಬ್ಬಳೇ ನಡುಗುತ್ತಾ ನಿಂತವಳಿಗೆ ಕೇಳುವ ಪ್ರಶ್ನೆಯೇ ಇದು? ಆದರೆ ಎಮರ್ಜೆನ್ಸಿ ಬಟನ್ ಒತ್ತಿದ ಕೂಡಲೇ ಸ್ಪೀಕರಿನ ದನಿ ಕೇಳಿದ್ದು ಅದನ್ನೇ.

"ಏನೂ ತಿಂದಿಲ್ಲ. ಮೊದಲು ಬಾಗಿಲು ತೆಗೆಸ್ರಿ!"

"ಮೆಕ್ಯಾನಿಕ್ ಹೊರಟಿದ್ದಾರೆ. ಅವರು ಬರೋವರೆಗೂ ನಾನು ಲೈನಲ್ಲೇ ಇರ್ತೀನಿ, ಎಲ್ಲೂ ಹೋಗಲ್ಲ. ಕೈಯಲ್ಲಿ ಏನಿದೆ?"

"ಹಲ್ಲು."

ದನಿ ಒಂದು ಕ್ಷಣ ತಬ್ಬಿಬ್ಬಾಯಿತು. "ಹಾಗಾದ್ರೆ ಬಾಯಲ್ಲೇನಿದೆ?"

ಅಷ್ಟು ಭಯದಲ್ಲೂ ಅವಳಿಗೆ ನಗು ಬಂತು. ಒಂಬತ್ತನೇ ಮಹಡಿಯ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವುದು ಅವಳ ಕೆಲಸ. ಆಗಷ್ಟೇ ಪಾಲಿಶ್ ಮಾಡಿದ ಒಂದು ಪೂರ್ತಿ ಸೆಟ್ಟನ್ನು ಕೆಳಗಿನ ಕ್ಲಿನಿಕ್ಕಿಗೆ ಕೊಡಲು ಹೊರಟಿದ್ದಳು. ಅದನ್ನೇ ಹೇಳಿದಳು.

"ಸರಿಹೋಯ್ತು. ಎರಡು ಸೆಟ್ ಹಲ್ಲಿದೆ, ಕಡಲೆ ಮಾತ್ರ ಇಲ್ಲ," ಎಂದಿತು ದನಿ. "ಎದುರುಗೋಡೇಲಿ ಎಷ್ಟು ಸ್ಕ್ರೂ ಇವೆ, ಎಣಿಸಿ ನೋಡೋಣ."

"ಇಪ್ಪತ್ತು."

"ಸುಳ್ಳು. ಇನ್ನೊಂದ್ಸಲ."

ಇಪ್ಪತ್ತೆರಡಿದ್ದವು. ನಲವತ್ತು ನಿಮಿಷ ಹೀಗೇ ಕಳೆಯಿತು. ಬಾಗಿಲು ತೆರೆದಾಗ ಸ್ಪ್ಯಾನರ್ ಹಿಡಿದ ಮೆಕ್ಯಾನಿಕ್ ಅವಳನ್ನು ಕೈಹಿಡಿದು ಮೇಲೆಳೆದ. ಯಾರೋ ಫೋಟೋ ತೆಗೆದರು. ಮಧ್ಯಾಹ್ನದೊಳಗೆ ಆ ಫೋಟೋ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿನಲ್ಲಿ 'ನಮ್ಮ ಹೀರೋ' ಎಂದು ಮೆರೆಯುತ್ತಿತ್ತು.

ಮನೆಯಲ್ಲಿ ಅವಳನ್ನು ಸಾಕಿದ ಅತ್ತೆ ಆ ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. "ಆಳು ಲಕ್ಷಣವಾಗಿದ್ದಾನೆ ಕಣೇ. ಮದುವೆ ಆಗಿದ್ಯಂತಾ?"

"ಅಯ್ಯೋ ಅತ್ತೆ, ನನ್ನನ್ನ ಕಾಪಾಡಿದ್ದು ಇವರಲ್ಲ. ಮಾತಾಡ್ತಿದ್ದವರು ಬೇರೆ."

"ಬಾಗಿಲು ತೆಗೆದವನು ಇವನು ತಾನೇ? ಬಾಯಿಮಾತಲ್ಲಿ ಲಿಫ್ಟ್ ಮೇಲೆ ಬರುತ್ತೇನೇ?"

ಹೊರಗೆ ಬಂದದ್ದು ಬಾಗಿಲು ತೆಗೆದವನಿಂದಲೇ, ನಿಜ. ಆದರೆ ಎದೆ ಒಡೆಯದೆ ಉಳಿದದ್ದು ಯಾರಿಂದ? ದನಿಯವನ 'ಸ'ಕಾರದಲ್ಲಿ ಒಂದು ಸಣ್ಣ ಶಿಳ್ಳೆಯಿತ್ತು. ಹಲ್ಲು ಮಾಡುವವಳಿಗೆ ಅಷ್ಟು ಗುರುತು ಸಾಲದೇ? ಮೇಲಿನ ಎರಡು ಮುಂಬಲ್ಲಿನ ನಡುವೆ ಸಂದು, ಹೆಚ್ಚೆಂದರೆ ಎರಡು ಮಿಲಿಮೀಟರ್. ಮರುದಿನ ಬಿಡುವಿನಲ್ಲಿ ಮೇಣ ತಿದ್ದಿ ತಿದ್ದಿ ಆ ಎರಡು ಹಲ್ಲನ್ನು ಮಾಡಿಯೂಬಿಟ್ಟಳು. ಮುಖವನ್ನೇ ಕಾಣದವನ ಹಲ್ಲು! ತನಗೆ ಹುಚ್ಚೇ ಹಿಡಿದಿರಬೇಕು ಎನ್ನಿಸಿ, ಅದನ್ನು ಡ್ರಾಯರಿನ ಮೂಲೆಗೆ ತಳ್ಳಿದಳು.

ಅಷ್ಟರಲ್ಲಿ ಫೋನ್ ಬಂತು.

"ಲಿಫ್ಟ್ ಕಂಟ್ರೋಲ್ ರೂಮಿಂದ, ಮೇಡಂ. ನಿನ್ನೆ ಸರ್ವಿಸ್‌ಗೆ ಎಷ್ಟು ಸ್ಟಾರ್ ಕೊಡ್ತೀರಿ?"

ಅದೇ ಶಿಳ್ಳೆ. ಅವಳ ಕೈಯಲ್ಲಿದ್ದ ಮೇಣ ಕೆತ್ತುವ ಚಾಕು ಮೇಜಿಗೆ ಬಿತ್ತು.

"ಒಂದೇ ಒಂದು."

"ಯಾಕೆ, ಏನ್ ತಪ್ಪಾಯ್ತು?"

"ಬೇಗ ಬಾಗಿಲು ತೆಗೆಸಿಬಿಟ್ರಿ. ಇನ್ನೂ ಮಾತಾಡೋದಿತ್ತು."

ಆ ಕಡೆ ತಡೆದ ನಗು. ಅಂದಿನಿಂದ ಮಧ್ಯಾಹ್ನದ ಊಟದ ಹೊತ್ತಿಗೆ ಇಬ್ಬರ ಫೋನೂ ಬಿಜಿ. ಅವನು ತನ್ನ ಬೋರ್ಡಿನ ಕೆಂಪು ದೀಪಗಳ ಕಥೆ ಹೇಳುತ್ತಿದ್ದ, ಅವಳು ಹಲ್ಲುಗಳದ್ದು. ಮೂರು ವಾರದಲ್ಲಿ ಅವಳ ಊಟ ತಣ್ಣಗಾಗದ ದಿನವಿಲ್ಲ.

ಒಂದು ದಿನ ಅವಳೇ ಹೇಳಿದಳು. "ಯಾರು ಏನೇ ಅನ್ನಲಿ, ನನ್ನ ಹೀರೋ ನೀವೇ. ಒಂಬತ್ತನೇ ಮಹಡಿಗೆ ಬನ್ನಿ, ನಿಮ್ಮನ್ನ ನೋಡ್ಬೇಕು."

"ನೋಡೋಣ," ಎಂದು ಅವನು ಫೋನಿಟ್ಟ. ಮರುದಿನ ಕರೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವಳು ಮಾಡಿದ ಕರೆಗೂ ಉತ್ತರವಿಲ್ಲ. ತಾನೇ ಮೇಲೆಬಿದ್ದು ಹೋದಂತಾಯಿತೇ ಎಂದು ಅವಳಿಗೆ ಮುಖವೆಲ್ಲ ಬಿಸಿಯಾಯಿತು. "ಹೆಂಡ್ತಿ ಇರ್ಬೇಕು ಬಿಡು," ಎಂದರು ಅತ್ತೆ.

ಒಂದು ವಾರಕ್ಕೆ ಮೆಕ್ಯಾನಿಕ್ ಲಿಫ್ಟ್ ಚೆಕ್ ಮಾಡಲು ಬಂದ. ಅವಳು ನಾಚಿಕೆ ಬಿಟ್ಟು ದನಿಯವನ ಬಗ್ಗೆ ಕೇಳಿಯೇಬಿಟ್ಟಳು.

"ಹೆಂಡ್ತಿನೂ ಇಲ್ಲ, ಮಣ್ಣೂ ಇಲ್ಲ," ಎಂದ ಅವನು ಗ್ರೀಸ್ ಒರೆಸಿಕೊಳ್ಳುತ್ತಾ. "ನೀವು ಸಿಕ್ಕಿಹಾಕ್ಕೊಂಡಿದ್ರಲ್ಲ, ಅವತ್ತು ಐದೇ ನಿಮಿಷಕ್ಕೆ ಅವನ ಡ್ಯೂಟಿ ಮುಗಿದಿತ್ತು. ಬದಲಿಗೆ ಬಂದವನಿಗೆ ಹೆಡ್‌ಫೋನೇ ಕೊಡ್ಲಿಲ್ಲ ಪುಣ್ಯಾತ್ಮ. ಉಳಿದದ್ದು ಅವನೇ ಹೇಳ್ಬೇಕು. ನೀವು ಕೇಳಿದ್ರಿ ಅಂತ ಹೇಳ್ತೀನಿ."

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಲ್ಯಾಬಿನ ಬಾಗಿಲಲ್ಲಿ ಒಬ್ಬ ಏದುಸಿರು ಬಿಡುತ್ತಾ ನಿಂತಿದ್ದ. ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ಸಾರಿ," ಎಂದ.

ಅವಳು ಅವನ ಕಣ್ಣು ನೋಡುವ ಮೊದಲು ಹಲ್ಲು ನೋಡಿದಳು. ಸಂದು ಇತ್ತು.

"ಲಿಫ್ಟ್ ಸರಿಯಾಗೇ ಇದೆಯಲ್ಲ?"

"ಗೊತ್ತು. ನಾನು ಲಿಫ್ಟ್ ಹತ್ತಲ್ಲ. ಭಯ." ಅವನು ನೆಲ ನೋಡಿದ. "ಎಂಟು ವರ್ಷದವನಿದ್ದಾಗ ಕಣ್ಣಾಮುಚ್ಚಾಲೆ ಆಡ್ತಾ ಬೀರುವಿನೊಳಗೆ ಸಿಕ್ಕಿಹಾಕ್ಕೊಂಡಿದ್ದೆ. ಹೊರಗೆ ಎಲ್ಲರೂ ಓಡಾಡಿ ಕೀ ಹುಡುಕ್ತಿದ್ರು. ನನ್ನ ಜೊತೆ ಮಾತ್ರ ಯಾರೂ ಮಾತಾಡ್ಲಿಲ್ಲ. ಇವತ್ತಿಗೂ ಲಿಫ್ಟ್ ಬಾಗಿಲು ಮುಚ್ಚೋದು ಕಂಡ್ರೆ ಕೈಕಾಲು ತಣ್ಣಗಾಗುತ್ತೆ. ನೀವು ಹೀರೋ ಅಂದ್ರಿ. ಹೌದು ಅಂತ ಸುಮ್ನಿರೋಕೆ ಮನಸ್ಸು ಬರ್ಲಿಲ್ಲ, ಅಲ್ಲ ಅನ್ನೋಕೂ ಧೈರ್ಯ ಇರ್ಲಿಲ್ಲ. ಯಾಕಂದ್ರೆ ನೀವು ನನಗೆ ತುಂಬಾ ಇಷ್ಟ."

'ಬಾಯಿಮಾತಲ್ಲಿ ಲಿಫ್ಟ್ ಮೇಲೆ ಬರುತ್ತೇನೇ' ಎಂಬ ಅತ್ತೆಯ ಪ್ರಶ್ನೆಗೆ ಉತ್ತರ ಈಗ ಎದುರಿಗೇ ನಿಂತು ಬೆವರು ಒರೆಸಿಕೊಳ್ಳುತ್ತಿತ್ತು. ಅವಳು ಡ್ರಾಯರ್ ಎಳೆದು ಮೇಣದ ಹಲ್ಲು ತೆಗೆದಳು. "ಸ್ವಲ್ಪ ನಗಿ."

ಏನೂ ಅರ್ಥವಾಗದೆ ಅವನು ನಕ್ಕ. ಅವಳು ಅದನ್ನು ಅವನ ತುಟಿಯ ಪಕ್ಕ ಹಿಡಿದು, ಒಂದು ಕಣ್ಣು ಮುಚ್ಚಿ ಅಳೆದಳು. ಅವನ ಕಿವಿ ಕೆಂಪಾಗುವುದನ್ನೂ ನೋಡಿದಳು. "ಅರ್ಧ ಮಿಲಿಮೀಟರ್ ತಪ್ಪಿದೆ ಅಷ್ಟೆ."

"ಮುಚ್ಚಿಸ್ಬೇಕಾ ಈ ಸಂದು?"

"ಮುಚ್ಚಿಸಿ ನೋಡಿ, ನಿಮ್ಮನ್ನ ಮಾತಾಡಿಸಲ್ಲ." ಆಮೇಲೆ ಮೆಲ್ಲಗೆ ಹೇಳಿದಳು, "ಭಯ ಗೊತ್ತಿಲ್ಲದವರಾಗಿದ್ರೆ 'ಹೆದರ್ಬೇಡಿ' ಅಂತ ಒಂದ್ಸಲ ಅಂದು ಸುಮ್ಮನಾಗ್ತಿದ್ರಿ. ತಿಂಡಿ ಆಯ್ತಾ ಅಂತ ಕೇಳ್ತಿರ್ಲಿಲ್ಲ. ನನಗೂ ನೀವು ಇಷ್ಟ. ನಡೀರಿ, ಕೆಳಗೆ ಕಾಫಿ ಕುಡಿಯೋಣ. ಮೆಟ್ಟಿಲಲ್ಲೇ ಹೋಗೋಣ."

ಅವನು ಮೆಟ್ಟಿಲ ಕಡೆ ಎರಡು ಹೆಜ್ಜೆ ಇಟ್ಟವನು ಲಿಫ್ಟಿನ ಮುಂದೆ ನಿಂತುಬಿಟ್ಟ.

"ನೀವು ಲೈನಲ್ಲೇ ಇರ್ತೀರಾ?"

"ಎಲ್ಲೂ ಹೋಗಲ್ಲ."

ಬಾಗಿಲು ಮುಚ್ಚಿತು. ಅವನ ಬೆರಳುಗಳು ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದವು.

"ಬೆಳಿಗ್ಗೆ ಏನ್ ತಿಂದ್ರಿ?" ಎಂದಳು.

"ಏನೂ... ಏನೂ ಇಲ್ಲ."

"ಎದುರುಗೋಡೆ ನೋಡಿ. ಎಷ್ಟು ಸ್ಕ್ರೂ?"

ಅವನು ಎಣಿಸತೊಡಗಿದ. ಆರು, ಏಳು ಎನ್ನುವಾಗ ದನಿ ನಡುಗುತ್ತಿತ್ತು. ಹದಿನಾಲ್ಕಕ್ಕೆ ಕೈ ಸಡಿಲವಾಯಿತು. ಹತ್ತೊಂಬತ್ತಕ್ಕೆ ಅವನು ಗೋಡೆ ಬಿಟ್ಟು ಅವಳ ಮುಖ ನೋಡುತ್ತಿದ್ದ.

"ಇಪ್ಪತ್ತು."

"ಸುಳ್ಳು," ಎಂದಳು.

ಬಾಗಿಲು ತೆರೆದಿತ್ತು. ಹೊರಗೆ ಬಿಸಿಲು, ಜನ, ಕಾಫಿಯ ಪರಿಮಳ. ಅವನು ಹೊರಗೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. ಆಮೇಲೆ ತಾನೇ ಕೈಚಾಚಿ ಒಂಬತ್ತನ್ನು ಒತ್ತಿದ.

"ಇನ್ನೊಂದ್ಸಲ ಎಣಿಸ್ತೀನಿ."