ಗುಲಾಬಿಯ ಬುಡದಲ್ಲಿ ಲಯನೆಲ್

"ಈ ಗಿಡ ಸಾಯ್ತಾ ಇದೆ. ಬುಡಕ್ಕೆ ಏನು ಹಾಕಿದ್ದೀರಿ?"

ಅಪರಿಚಿತನೊಬ್ಬ ಮಂಡಿಯೂರಿ ಕೂತು ಗುಲಾಬಿ ಎಲೆಯನ್ನು ತಿರುಗಿಸಿ ನೋಡುತ್ತಿದ್ದ. ಅವನ ಬೆನ್ನ ಹಿಂದೆ ಥಿಯಾ ಟೀ ಟ್ರೇ ಹಿಡಿದು ನಿಂತಿದ್ದಳು.

"ನನ್ನ ಗಂಡನನ್ನ" ಎಂದಳು.

ಇಂಥ ಮಾತು ಕೇಳಿದರೆ ಜನ ಕ್ಷಮೆ ಕೇಳಿ ಕೇಕಿನ ಮೇಜಿನ ಕಡೆ ಸರಿದುಬಿಡುತ್ತಾರೆ. ಇವನು ಸರಿಯಲಿಲ್ಲ. ಮುಖ ಮಾತ್ರ ಬಿಳುಚಿತು.

"ಬೂದಿನಾ... ಎಲ್ಲಾನೂ ಇಲ್ಲೇ ಹಾಕಿದ್ರಾ?"

"ಮತ್ತೆ? ಅರ್ಧ ಗಂಡನ್ನ ಅಡುಗೆಮನೇಲಿ ಇಟ್ಕೊಳ್ಲಾ?"

ಅವನು ಏನೋ ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ. ಆ ಬಾಯಿ ಅವತ್ತೇ ತೆರೆದಿದ್ದರೆ ಈ ಕಥೆ ಇಷ್ಟು ಉದ್ದವಾಗುತ್ತಿರಲಿಲ್ಲ ಬಿಡಿ.

ಜೂನ್ ತಿಂಗಳ ಆ ಭಾನುವಾರ ಇಂಗ್ಲೆಂಡಿನ ಶ್ರಾಪ್‌ಶೈರ್ ಸೀಮೆಯ ನಮ್ಮ ಹಳ್ಳಿಯ ತೋಟಗಳೆಲ್ಲ ಊರಿಗೆ ತೆರೆದಿದ್ದವು. ಚರ್ಚಿನ ಛಾವಣಿ ರಿಪೇರಿಗೆ ಚಂದಾ ಕೊಟ್ಟರೆ ಯಾರ ಹಿತ್ತಲಿಗಾದರೂ ನುಗ್ಗಬಹುದು. ಎದುರಿಗೆ ಹೊಗಳಿ, ಗೇಟು ದಾಟಿದ ಮೇಲೆ ಆಡಿಕೊಳ್ಳಬಹುದು. ಪಕ್ಕದ ಮನೆಯ ಮುದುಕಿ ಡಿಲಿಸ್ ಟೀ ಬಗ್ಗಿಸುತ್ತಲೇ ಥಿಯಾಳ ಕಿವಿಯಲ್ಲಿ ಪಿಸುಗುಟ್ಟಿದಳು. "ಅವನು ಗ್ಯಾರೆತ್. ಶಾಲೆಗೆ ಹೊಸದಾಗಿ ಬಂದಿರೋ ಮೇಷ್ಟ್ರು. ಮದುವೆ ಆಗಿಲ್ಲ. ಅವನಿಗೆ ಕೇಕ್ ದೊಡ್ಡದು ಕೊಡು."

ಥಿಯಾ ನಗಲಿಲ್ಲ. ಗುಲಾಬಿಯ ಬುಡದಲ್ಲಿರುವ ಗಂಡ ಲಯನೆಲ್ ಕೇಳಿಸಿಕೊಂಡಿರುತ್ತಾನೆ ಎಂದು ಅವಳಿಗೆ ಭಯವಾಯಿತು.

ಹೌದು, ಲಯನೆಲ್ ಅವಳ ಜೊತೆ ಮಾತಾಡುತ್ತಿದ್ದ.

ಆ ಗುಲಾಬಿಯನ್ನು ಗಂಡಹೆಂಡತಿ ಲಯನೆಲ್‌ನ ಆಸ್ಪತ್ರೆಯ ಮಂಚದ ಮೇಲೆ ಕೂತು ಜಗಳವಾಡಿಕೊಂಡು ಆರಿಸಿದ್ದರು. "ಬಣ್ಣಕ್ಕೆ ಮರುಳಾಗ್ಬೇಡ ಕಣೇ, ರೋಗಕ್ಕೆ ಜಗ್ಗದ ಗಿಡ ನೋಡು" ಎನ್ನುವುದು ಲಯನೆಲ್‌ನ ವಾದ. "ಘಮ ಇಲ್ಲದ ಗುಲಾಬಿ ಯಾಕೆ ಬೇಕು?" ಎನ್ನುವುದು ಇವಳದು. ಕೊನೆಗೆ ಏಪ್ರಿಕಾಟ್ ಬಣ್ಣದ, ಒತ್ತಾದ ಎಸಳಿನ, ಸೋಂಪಿನಂತೆ ಘಮಘಮಿಸುವ ಪೊದೆಗುಲಾಬಿಯೊಂದು ಇಬ್ಬರಿಗೂ ಒಪ್ಪಿಗೆಯಾಯಿತು. ಚಳಿಗಾಲದಲ್ಲಿ, ಎಲೆಯಿಲ್ಲದೆ, ಮಣ್ಣಿಲ್ಲದೆ, ಬರಿಬೇರಿನ ಕಡ್ಡಿಗಳಾಗಿ ನರ್ಸರಿಯಿಂದ ಗಿಡ ಬಂದಾಗ ಲಯನೆಲ್ ಇರಲಿಲ್ಲ. ಥಿಯಾ ಅದನ್ನು ಬಕೆಟ್ಟಿನಲ್ಲಿ ನೆನೆಸಿ, ಗುಂಡಿ ತೋಡಿ, ಬೇರಿನ ಸುತ್ತ ಅವನ ಬೂದಿಯನ್ನೆಲ್ಲ ಸುರಿದು ಕಾಲಿನಿಂದ ಒತ್ತಿದಳು.

ಅಂದಿನಿಂದ ಪ್ರತಿ ಬೆಳಿಗ್ಗೆ ಗಿಡದ ಹತ್ತಿರ ಕೂತು ಮಾತಾಡುವಳು. ಅವನು ಉತ್ತರ ಕೊಡುವನು... ಅದೇ ಸಣ್ಣ ಗೊಗ್ಗರು ಗಂಟಲಿನಲ್ಲಿ. ಹುಚ್ಚು ಎನ್ನಬೇಡಿ. ಕಳೆದುಕೊಂಡವರನ್ನು ಕೇಳಿ, ಹೇಳುತ್ತಾರೆ.

ಆದರೆ ಆ ಬೇಸಿಗೆ ಎಲೆಯ ಅಂಚುಗಳು ಸುಟ್ಟಂತೆ ಕಂದಿದವು. ಮೊಗ್ಗುಗಳು ಅರಳುವ ಮೊದಲೇ ಕತ್ತು ಬಾಗಿಸಿದವು.

ಗ್ಯಾರೆತ್ ಸಂಜೆ ಸಂಜೆ ಬರತೊಡಗಿದ. ಹೆಚ್ಚು ಮಾತಿಲ್ಲ. ಮಳೆನೀರಿನ ಪೀಪಾಯಿಯಿಂದ ಕೊಡಗಟ್ಟಲೆ ತಂದು ಬುಡಕ್ಕೆ ಸುರಿಯುವನು.

"ಮುಳುಗಿಸಿಬಿಡ್ತೀರಾ ಅದನ್ನ?"

"ಇಷ್ಟು ನೀರು ಬೇಕು ಇದಕ್ಕೆ."

"ಯಾಕೆ?"

"ಬೇಕು, ಅಷ್ಟೇ. ಮಕ್ಕಳ ಥರ ಪ್ರಶ್ನೆ ಕೇಳ್ಬೇಡಿ, ದಿನವಿಡೀ ಅದೇ ಆಗಿರುತ್ತೆ ನನಗೆ."

ಒಂದು ಸಂಜೆ ಅವನು ಜಾರಿ, ಕೊಡದ ಸಮೇತ ಕೆಸರಿಗೆ ಬಿದ್ದ. ಥಿಯಾ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮರುದಿನ ಬೆಳಿಗ್ಗೆ ಗಿಡದ ದೊಡ್ಡ ರೆಂಬೆಯೊಂದು ಬುಡದಿಂದಲೇ ಕಪ್ಪಾಗಿತ್ತು.

'ಖುಷಿಯಾಗಿದ್ದೀಯಾ ಥಿಯಾ?' ಎಂದ ಲಯನೆಲ್.

ಸಂಜೆ ಗ್ಯಾರೆತ್ ಬಂದಾಗ ಗೇಟಿನಲ್ಲೇ ತಡೆದಳು.

"ಇನ್ಮೇಲೆ ಬರಬೇಡಿ."

"ಏನಾಯ್ತು?"

"ನೀವು ಬಂದಾಗೆಲ್ಲ ಅವನು ಗಿಡ ಒಣಗಿಸ್ತಾನೆ. ಅವನಿಗೆ ಕೋಪ. ನಾನು ನಕ್ಕಿದ್ದಕ್ಕೆ."

ಗ್ಯಾರೆತ್ ಗೇಟಿನ ಮೇಲೆ ಕೈಯಿಟ್ಟು ತಲೆ ತಗ್ಗಿಸಿದ. ಹೇಳಿದರೆ ಇವಳು ಮುರಿದುಹೋಗುತ್ತಾಳೆ. ಹೇಳದಿದ್ದರೆ ಸತ್ತ ಗಂಡ ತನ್ನನ್ನು ದ್ವೇಷಿಸುತ್ತಾನೆ ಎಂದುಕೊಂಡೇ ಬದುಕುತ್ತಾಳೆ. ಯಾವುದು ಮೇಲು?

"ಕೋಪ ಅಲ್ಲ ಥಿಯಾ, ಬೂದಿ. ಅದರಲ್ಲಿ ಉಪ್ಪು, ಸುಣ್ಣ ಜಾಸ್ತಿ. ಒಂದೇ ಕಡೆ ಗುಡ್ಡೆ ಬಿದ್ರೆ ಬೇರು ಸುಟ್ಟುಹೋಗುತ್ತೆ. ಅದನ್ನ ತೊಳೆದು ಇಳಿಸೋಣ ಅಂತಾನೇ ಅಷ್ಟು ನೀರು ಹಾಕ್ತಿದ್ದೆ."

"ಸುಳ್ಳು."

"ನಮ್ಮಮ್ಮನ್ನ ನಾನೂ ಹೀಗೇ ನೆಟ್ಟೆ. ಗಿಡ ಸತ್ತುಹೋಯ್ತು. ಅಮ್ಮ ನನ್ನ ಕ್ಷಮಿಸಿಲ್ಲ ಅಂತ ಎಷ್ಟೋ ವರ್ಷ ಅಂದ್ಕೊಂಡಿದ್ದೆ."

"ಮೊದಲ ದಿನಾನೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು. ಹೇಳೋಕೆ ಬಾಯಿ ಬರಲಿಲ್ಲ."

"ಹೋಗಿ ಇಲ್ಲಿಂದ."

ಅವನು ಹೋದ. ಡಿಲಿಸ್ ಬೇಲಿಯಾಚೆಯಿಂದ, "ಒಳ್ಳೇವ್ನನ್ನ ಓಡಿಸ್ಬಿಟ್ಟೆ, ಸಂತೋಷನಾ?" ಎಂದು ಗೊಣಗಿದಳು.

ಅವನ ಮಾತು ನಿಜವಿರಬಹುದೆಂದು ಥಿಯಾಗೆ ಅನಿಸದೆ ಇರಲಿಲ್ಲ. ಅನಿಸಿದ್ದಕ್ಕೇ ಅವಳಿಗೆ ಅಷ್ಟು ಸಿಟ್ಟು. ಗಿಡ ಒಣಗುವುದು ಬರೀ ಉಪ್ಪಿನಿಂದ ಎಂದಾದರೆ, ಲಯನೆಲ್‌ಗೆ ಕೋಪವಿಲ್ಲ. ಕೋಪವಿಲ್ಲ ಎಂದಾದರೆ... ಅಲ್ಲಿ ಲಯನೆಲ್ಲೇ ಇಲ್ಲ. ಕೋಪಿಸಿಕೊಳ್ಳುವ ಗಂಡನಾದರೂ ಇರಲಿ ಎಂದು ಅವಳ ಜೀವ ಹಂಬಲಿಸುತ್ತಿತ್ತು.

ನವೆಂಬರ್ ಬಂತು. ಎಲೆಯೆಲ್ಲ ಉದುರಿ ಒಂದೇ ಒಂದು ರೆಂಬೆ ಹಸಿರು ಉಳಿದಿತ್ತು. ಮಂಜು ಕವಿದ ಬೆಳಿಗ್ಗೆ ಅವಳು ಗಿಡದ ಮುಂದೆ ಕೂತು ಕೇಳಿದಳು.

"ಲಯನೆಲ್, ಇನ್ನೂ ಕೋಪಾನಾ?"

'ಹೌದು' ಎಂದು ಕೇಳಿಸಿತು.

ತನ್ನ ತುಟಿ ಅಲ್ಲಾಡಿದ್ದು ಆಗ ಅವಳಿಗೆ ಗೊತ್ತಾಯಿತು.

ಬೆರಳಿನಿಂದ ತುಟಿ ಮುಟ್ಟಿಕೊಂಡಳು. ಇಷ್ಟು ದಿನ ಮಾತಾಡಿದ್ದು ಯಾರು? ಆಮೇಲೆ ಎದ್ದು ಸನಿಕೆ ತೆಗೆದುಕೊಂಡು ಹೋಗಿ ಗ್ಯಾರೆತ್‌ನ ಬಾಗಿಲು ತಟ್ಟಿದಳು.

"ಗಿಡ ಎತ್ತಬೇಕು. ಬರ್ತೀರಾ?"

ಅವನು ಬೂಟು ಹಾಕಿಕೊಂಡು ಸುಮ್ಮನೆ ಹೊರಟ.

ಅಗೆದಾಗ ಬೂದಿ ಬೂದಿಯಾಗಿರಲಿಲ್ಲ. ಗಾರೆಯಂತೆ ಗಟ್ಟಿಯಾಗಿ, ಬೆಳ್ಳಗೆ ಹೆಪ್ಪುಗಟ್ಟಿತ್ತು. ಅದಕ್ಕೆ ತಗುಲಿದ ಬೇರೆಲ್ಲ ಕರಕಲು. ಒಂದು ಬದಿಯಲ್ಲಿ ಮಾತ್ರ ಒಂದಿಷ್ಟು ಬೇರು ಜೀವ ಹಿಡಿದಿತ್ತು. ಗ್ಯಾರೆತ್ ಗಿಡವನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟ.

"ಇದನ್ನ?" ಥಿಯಾ ಆ ಬಿಳಿ ಗಡ್ಡೆಯನ್ನು ನೋಡುತ್ತಿದ್ದಳು.

"ಪುಡಿ ಮಾಡಿ, ಎಲೆಗೊಬ್ಬರಕ್ಕೆ ಬೆರೆಸಿ ತೋಟದ ತುಂಬಾ ತೆಳ್ಳಗೆ ಹರಡಿದ್ರೆ ಯಾವ ಗಿಡಕ್ಕೂ ತೊಂದರೆ ಇಲ್ಲ."

"ಆಮೇಲೆ ಅವನು ಎಲ್ಲಿದ್ದಾನೆ ಅಂತ ನಾನು ಎಲ್ಲಿ ನೋಡ್ಲಿ?"

"ಅದು ನನಗೆ ಗೊತ್ತಿಲ್ಲ" ಎಂದ ಗ್ಯಾರೆತ್.

ಥಿಯಾ ಕೈಗವಸು ಬಿಚ್ಚಿದಳು. ಬರಿಗೈಯಲ್ಲೇ ಗಂಡನನ್ನು ಪುಡಿ ಮಾಡಿದಳು, ಅಳುತ್ತಾ ಅಳುತ್ತಾ ಬೇಲಿಯಿಂದ ಬೇಲಿಗೆ ಹರಡಿದಳು. ಗುಲಾಬಿಯನ್ನು ಇಬ್ಬರೂ ಸೇರಿ ಗೋಡೆಯ ಪಕ್ಕ ಹೊಸ ಮಣ್ಣಿನಲ್ಲಿ ನೆಟ್ಟರು.

ಆಮೇಲೆ ಅವಳು ಕಿವಿಗೊಟ್ಟು ನಿಂತಳು. ಏನೂ ಕೇಳಿಸಲಿಲ್ಲ. ಕಾದಳು. ಆಗಲೂ ಇಲ್ಲ.

"ಹೋಗಿಬಿಟ್ಟ" ಎಂದಳು.

ಗ್ಯಾರೆತ್ ಅವಳ ಮಣ್ಣುಗೈಯನ್ನು ತನ್ನ ಮಣ್ಣುಗೈಯಲ್ಲಿ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

"ನೀನು ಬಂದಾಗ ನನಗೆ ಖುಷಿ ಆಗ್ತಿತ್ತು ಗ್ಯಾರೆತ್. ಕೋಪ ಬಂದಿದ್ದು ಅವನಿಗಲ್ಲ. ನನಗೇ, ನನ್ನ ಮೇಲೆ."

"ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ಬರ್ಲಿಲ್ಲ ಮತ್ತೆ?"

"ಬರಬೇಡ ಅಂದ್ಯಲ್ಲ."

"ಅಂದಿದ್ದನ್ನೆಲ್ಲ ಕೇಳ್ತೀಯಾ?"

"ನಿನ್ನನ್ನ ಪ್ರೀತಿಸ್ತೀನಿ. ಕೇಳ್ದೆ ಏನ್ ಮಾಡ್ಲಿ?"

ಅವಳು ಗೋಡೆಯ ಕಡೆ ತಿರುಗಿದಳು. ಮಂಜಿನಲ್ಲಿ ಗೋಡೆಯ ಪಕ್ಕದ ಆ ಒಂಟಿ ರೆಂಬೆ ಕಂಡೂ ಕಾಣದಂತಿತ್ತು.

"ನಾಳೆ ಬಾ" ಎಂದಳು.

"ಥಿಯಾ... ಈ ಗಿಡ ಬದುಕ್ದೇ ಹೋದ್ರೆ?"

"ಆಗಲೂ ಬಾ."