ಎರಡು ಉಗುರಿನ ಗುರುತು

ಅಂದು 1961ರ ಅಕ್ಟೋಬರ್ 19, ಗುರುವಾರ, ವಿಜಯದಶಮಿ. ಬಂಗಾರಪೇಟೆ ಪೊಲೀಸ್ ಠಾಣೆಯ ಬಂದೂಕುಗಳ ಮೇಲೆ ಹಿಂದಿನ ದಿನದ ಆಯುಧಪೂಜೆಯ ಕುಂಕುಮ ಇನ್ನೂ ಹಾಗೆಯೇ ಇತ್ತು. ಬೆಳಗ್ಗೆ 11.40ಕ್ಕೆ ಮುನಿಸ್ವಾಮಪ್ಪ ಎಂಬ ರೈತ ಸೈಕಲ್ಲನ್ನು ಠಾಣೆಯ ಗೋಡೆಗೆ ಆನಿಸಿ, ಏದುಸಿರು ಬಿಡುತ್ತ ಒಳಗೆ ಬಂದ. ಬೂದಿಕೋಟೆ ರಸ್ತೆಯ ಪಕ್ಕದ ಹಳ್ಳಿಯವನು.

"ಸ್ವಾಮೀ, ನಮ್ಮ ರಾಗಿ ಒಲದಾಗೆ ಇಮಾನ ಬಿದ್ದೈತೆ. ತೆನೆ ಕಟ್ಟೋ ಒಲ. ಎತ್ತಿಸ್ಕೊಡಿ."

ಹೆಡ್ ಕಾನ್‌ಸ್ಟೇಬಲ್ ಅಶ್ವತ್ಥಪ್ಪ ಮೇಜಿನಿಂದ ಬಾಗಿ ದೂರುದಾರನ ಬಾಯಿಯ ವಾಸನೆ ನೋಡಿದ. ಹಬ್ಬದ ದಿನ ಬರುವ ದೂರುಗಳಲ್ಲಿ ಅರ್ಧಕ್ಕರ್ಧ ಹೆಂಡದ್ದೇ ಎಂಬುದು ಅವನ ಇಪ್ಪತ್ತೆರಡು ವರ್ಷದ ಸರ್ವೀಸಿನ ಸಾರ. ಇದು ಹಾಗಲ್ಲ ಎಂದು ಖಾತ್ರಿಯಾದ ಮೇಲೆ ಇನ್‌ಸ್ಪೆಕ್ಟರ್ ಆದಿನಾರಾಯಣರ ಕಡೆ ತಿರುಗಿದ. ಅವರು ಆಗಲೇ ಎದ್ದು ನಿಂತಿದ್ದರು. ಕುಳಿತಲ್ಲಿ ಕೂರುವ ಜಾಯಮಾನ ಅವರದಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು ಎಂದು ಅವರ ಹೆಂಡತಿಯೇ ಆಡಿಕೊಳ್ಳುತ್ತಿದ್ದರು.

"ಒಳಗಿದ್ದವರು?"

"ಒಬ್ರು ಕಾಲು ಮುರ್ಕೊಂಡವ್ರೆ. ಇನ್ನೊಬ್ಬ ಮ್ಯಾಲಿಂದ ದೊಡ್ಡ ಕೊಡೆ ಇಡ್ಕೊಂಡು ಇಳ್ದ. ಅವನೇ ನನ್ನ ಇಲ್ಲಿಗೆ ಅಟ್ಟಿದ್ದು."

12.20ಕ್ಕೆ ಜೀಪು ಹೊಲ ಮುಟ್ಟಿತು. ಪುಟ್ಟ ವಿಮಾನ. ರಾಗಿಯ ನಡುವೆ ನೂರು ಗಜ ಉದ್ದಕ್ಕೆ ಗೀರು ಎಳೆದು, ಕಲ್ಲಿನ ಬದುವಿಗೆ ಮೂತಿ ಗುದ್ದಿ ನಿಂತಿತ್ತು. ಪೈಲಟ್ ಮೆನೆಜಸ್ ಅವರನ್ನು ಹೊಂಗೆ ಮರದ ನೆರಳಿನಲ್ಲಿ ಮಲಗಿಸಿದ್ದರು. ಎರಡು ಕಾಲೂ ಮುರಿದಿದ್ದವು. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು ಮುನಿಶಾಮಿ, ಊರಿಗಾಂ ಚಿನ್ನದ ಗಣಿಯ ಕೂಲಿ ಲೈನಿನಲ್ಲಿ ಹುಟ್ಟಿ ಬೆಳೆದವನು. ಸೈನ್ಯದ ಪಟಾಲಮ್ಮಿನಲ್ಲಿ ಪ್ಯಾರಾಚೂಟ್ ಕಲಿತು, ಎರಡು ತಿಂಗಳ ಹಿಂದೆ ಅದನ್ನು ಬಿಟ್ಟು ಬೆಂಗಳೂರಿನ ಒಂದು ವಿಮಾನ ಕ್ಲಬ್ಬು ಸೇರಿದ್ದ. ದಸರೆಯ ದಿನ ತನ್ನೂರ ಮೈದಾನದ ಮೇಲೆ, ತನ್ನ ಜನದ ಎದುರು ಆಕಾಶದಿಂದ ಧುಮುಕುವುದು ಅವನ ಆಸೆ. ಊರಿಗೂರೇ ಕತ್ತೆತ್ತಿ ಕಾದಿತ್ತು.

ಅವನ ಹೇಳಿಕೆ ಹೀಗಿತ್ತು: 10.50ಕ್ಕೆ ಊರಿಗಾಂ ಮೈದಾನದಿಂದ ಹೊರಟೆವು. ಎತ್ತರ ಸಿಗಲೆಂದು ದೊಡ್ಡ ಸುತ್ತು ಹಾಕುತ್ತ ಬೂದಿಕೋಟೆ ಕಡೆ ಬಂದೆವು. 11.03ಕ್ಕೆ ಇಂಜಿನ್ ನಾಲ್ಕು ಸಲ ಕೆಮ್ಮಿ ನಿಂತಿತು. ಟ್ಯಾಂಕಿನಲ್ಲಿ ಪೆಟ್ರೋಲ್ ಬೇಕಾದಷ್ಟಿತ್ತು. ಪೈಲಟ್ ಸಾಹೇಬರು ಮೂರು ಸಲ ಪ್ರಯತ್ನಿಸಿ ನೋಡಿ, ನನಗೆ ಹಾರು ಎಂದರು. ನಿಮ್ಮನ್ನು ಬಿಟ್ಟು ಹೋಗುವುದಿಲ್ಲ ಎಂದೆ.

"ಆಮೇಲೆ?" ಎಂದರು ಆದಿನಾರಾಯಣರು.

"ಬೈದ್ರು ಸಾರ್. ಬೈದು ತಳ್ಳಿದ್ರು. ಅವರತ್ರ ಪ್ಯಾರಾಚೂಟ್ ಇರ್ಲಿಲ್ಲ."

ಅಷ್ಟು ಹೇಳಿ ಮುನಿಶಾಮಿ ಮುಖ ಆ ಕಡೆ ತಿರುಗಿಸಿಕೊಂಡ.

ಪೈಲಟ್ ಸಾಹೇಬರನ್ನು ಆಸ್ಪತ್ರೆಗೆ ಸಾಗಿಸಿದರು. ಮಧ್ಯಾಹ್ನ 4.15ಕ್ಕೆ ಬೆಂಗಳೂರಿನಿಂದ ಬಂದ ವಿಮಾನ ಪರಿಶೋಧಕರು ಹೊಲದಲ್ಲೇ ಕೆಲಸ ಶುರುಮಾಡಿದರು. ರೆಕ್ಕೆಯ ಅಡಿಯಲ್ಲಿ ಕಿರುಬೆರಳು ತೂರುವಷ್ಟು ಅಗಲದ ಒಂದು ಕೊಳವೆ ಇತ್ತು. ಟ್ಯಾಂಕಿಗೆ ಗಾಳಿ ಹೋಗುವ ದಾರಿ ಅದು. ಅದರ ಬಾಯಿ ಮುಚ್ಚಿದರೆ ಪೆಟ್ರೋಲ್ ಕೆಳಗಿಳಿಯುವುದು ನಿಧಾನವಾಗಿ ಕಟ್ಟುತ್ತದೆ, ಇಂಜಿನ್ ಹತ್ತು ಹದಿನೈದು ನಿಮಿಷ ಓಡಿ ನಿಲ್ಲುತ್ತದೆ ಎಂದು ಅವರು ವಿವರಿಸಿದರು. ಆ ಕೊಳವೆಯಿಂದ ಇಕ್ಕಳದಲ್ಲಿ ಎಳೆದು ತೆಗೆದದ್ದು ಒಂದು ಮಣ್ಣಿನ ಬತ್ತಿ. ಮುನಿಸ್ವಾಮಪ್ಪನೂ ಅವನ ದಾಯಾದಿಯೂ ಪಂಚರು. ಪಂಚನಾಮೆಯಲ್ಲಿ ಹೀಗೆ ಬರೆಯಲಾಯಿತು: ಉದ್ದ ಒಂದೂವರೆ ಅಂಗುಲ, ಬಣ್ಣ ನಸುಗೆಂಪು, ನುಣ್ಣಗೆ ಹೊಸೆದದ್ದು, ಹೊರತುದಿಯಲ್ಲಿ ಎರಡು ಗೀರು. ಸಹಿ ಹಾಕುವ ಮೊದಲು ಮುನಿಸ್ವಾಮಪ್ಪ ತನ್ನ ರಾಗಿಯ ವಿಷಯವನ್ನೂ ಅದರಲ್ಲೇ ಸೇರಿಸಬೇಕೆಂದು ಹಟ ಹಿಡಿದ. ಅಶ್ವತ್ಥಪ್ಪ ಬೇರೆ ಹಾಳೆಯಲ್ಲಿ ಬರೆದುಕೊಟ್ಟು ಸಮಾಧಾನ ಮಾಡಿದ.

ಬತ್ತಿ ತಾನಾಗಿ ಹೋಗಿ ಕೊಳವೆಯಲ್ಲಿ ಕೂರುವುದಿಲ್ಲ. ಕೃತ್ಯ ಬೇಕೆಂದೇ ಮಾಡಿದ್ದು. ಎಫ್‌ಐಆರ್ ದಾಖಲಾಯಿತು. ಡಿವೈಎಸ್ಪಿ ಸಾಹೇಬರ ಫೋನು ಸಂಜೆ 5.30ಕ್ಕೆ ಬಂತು. ವಿಮಾನ ನೋಡಿಕೊಳ್ಳುವವನು ಕ್ಲಬ್ಬಿನ ಮೆಕ್ಯಾನಿಕ್ ಕುಪ್ಪುಸ್ವಾಮಿ, ಬೆಳಗಿನ ತಪಾಸಣೆಯ ಹಾಳೆಯಲ್ಲಿ ಅವನ ಸಹಿ ಇದೆ, ಅವನನ್ನು ಒಳಗೆ ಹಾಕಿ, ನಾಳೆ ಸಂಜೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ. ಫೋನು ಇಟ್ಟ ಮೇಲೆ ಆದಿನಾರಾಯಣರು ಠಾಣೆಯ ಉದ್ದಗಲ ನಾಲ್ಕು ಸಲ ಅಳೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂದು ತಮ್ಮಷ್ಟಕ್ಕೆ ಗೊಣಗಿದರು. ಆದರೂ 6 ಗಂಟೆಗೆ ಕುಪ್ಪುಸ್ವಾಮಿಯನ್ನು ದಸ್ತಗಿರಿ ಮಾಡಿದರು. ಹುಕುಂ ಹುಕುಮೇ.

ಕುಪ್ಪುಸ್ವಾಮಿ ಐವತ್ತರ ಆಸಾಮಿ. ಸಹಿ ತನ್ನದೇ ಎಂದ. ತಪಾಸಣೆ ಮಾಡಿದೆಯಾ ಎಂದರೆ ತಲೆ ತಗ್ಗಿಸಿದ. ಬೇರೆ ಯಾವುದಕ್ಕೂ ಬಾಯಿ ಬಿಡಲಿಲ್ಲ. ಆ ಮೌನವೇ ಅವನಿಗೆ ಮುಳುವಾಗಿತ್ತು. ಅವನ ಮುಖ ನೋಡಿದರೆ ಆದಿನಾರಾಯಣರಿಗೆ ಕಳ್ಳನ ಮುಖ ಕಾಣುತ್ತಿರಲಿಲ್ಲ, ನಾಚಿಕೆಪಟ್ಟವನ ಮುಖ ಕಾಣುತ್ತಿತ್ತು. ಅದೇ ಅವರನ್ನು ಕೂರಲು ಬಿಡಲಿಲ್ಲ.

ಮರುದಿನ, 20ನೇ ತಾರೀಖು, ಬೆಳಗ್ಗೆ 7ಕ್ಕೇ ಅವರು ಲಾಕಪ್ಪಿನ ಮುಂದೆ ಕುರ್ಚಿ ಹಾಕಿಸಿಕೊಂಡರು. ಇವತ್ತು ಸಂಜೆ 6ರ ಮೇಲೆ ನಿನ್ನನ್ನು ಉಳಿಸುವುದು ನನ್ನ ಕೈಯಲ್ಲಿಲ್ಲ ಎಂದರು. ಆಗ ಕುಪ್ಪುಸ್ವಾಮಿ ಬಾಯಿ ಬಿಟ್ಟ. ವಿಮಾನ ಮೈದಾನಕ್ಕೆ ಬಂದದ್ದು ಬುಧವಾರ, ಆಯುಧಪೂಜೆಯ ದಿನ. ನಾಲ್ಕು ಗಂಟೆಗೆ ಅವನು ಅಡಿಯಿಂದ ಮುಡಿಯವರೆಗೆ ಎಲ್ಲವನ್ನೂ ನೋಡಿದ್ದ, ಕೊಳವೆಯನ್ನೂ ಊದಿ ನೋಡಿದ್ದ. ಐದಕ್ಕೆ ಲೈನಿನ ಹೆಂಗಸರು ಆರತಿ ತಂದರು. ವಿಮಾನಕ್ಕೂ ಅವನ ಸ್ಪ್ಯಾನರುಗಳಿಗೂ ಕುಂಕುಮ ಹಚ್ಚಿ ಪೂಜೆ ಮಾಡಿದರು.

"ಪೂಜೆಗಿಟ್ಟ ಆಯುಧ ಮಾರನೇ ದಿನ ಪೂಜೆ ಮಾಡಿ ಎತ್ತೋಗಂಟ ಮುಟ್ಟಬಾರ್ದಲ್ಲ ಸಾರ್. ನಮ್ಮಪ್ಪನ ಕಾಲದಿಂದ ನಡ್ಕೊಂಡು ಬಂದೈತೆ. ಬೆಳಗ್ಗೆ ಎತ್ತೋಕೆ ಪುರೋಹಿತರು ತಡ ಮಾಡಿದ್ರು. ನಿನ್ನೆ ತಾನೇ ನೋಡಿದೀನಿ ಅಂತ ಸೈನ್ ಆಕ್ಬಿಟ್ಟೆ."

ಶಾಸ್ತ್ರಕ್ಕೆ ಹೆದರಿ ಕೆಲಸ ಬಿಟ್ಟೆ ಎಂದು ಬೆಂಗಳೂರಿನ ಸಾಹೇಬರೆದುರು ಹೇಳುವುದಕ್ಕಿಂತ ಸೆರೆಮನೆಯೇ ವಾಸಿ ಎಂದು ಅವನಿಗೆ ಅನಿಸಿತ್ತು. ಆದಿನಾರಾಯಣರು ಗೋಡೆಯ ಬಂದೂಕುಗಳತ್ತ ಒಮ್ಮೆ ನೋಡಿದರು. ನಿನ್ನೆ ಮಧ್ಯಾಹ್ನದವರೆಗೆ ಅವುಗಳನ್ನೂ ಯಾರೂ ಮುಟ್ಟಿರಲಿಲ್ಲ.

ಹಾಗಾದರೆ ಬತ್ತಿ ಹೊಕ್ಕದ್ದು ಬುಧವಾರ ನಾಲ್ಕರ ತಪಾಸಣೆಯ ನಂತರ. ಅವರು ಕಾನ್‌ಸ್ಟೇಬಲ್ ಬಚ್ಚಪ್ಪನನ್ನು ಕರೆದು ಕಾಗದದಲ್ಲಿ ಸುತ್ತಿದ್ದ ಮಣ್ಣನ್ನು ತೋರಿಸಿದರು. ಬಚ್ಚಪ್ಪನ ಅಪ್ಪ ಗಣಿಯಲ್ಲಿ ಸಿಡಿಮದ್ದು ಹಾಕುತ್ತಿದ್ದವನು. ಅವನು ಮಣ್ಣನ್ನು ಮೂಸಿ ನೋಡಿ, ಬೆಳಕಿಗೆ ಹಿಡಿದ.

"ಇದು ಮದ್ದಿನ ತೂತು ಮುಚ್ಚೋ ಬತ್ತಿ ಸಾರ್. ಬಂಡೆಗೆ ತೂತು ಒಡ್ದು ಮದ್ದು ತುಂಬಿದ ಮ್ಯಾಲೆ ಇಂಥ ಮಣ್ಣು ಗಿಡೀತಾರೆ. ಮ್ಯಾಲ್ಗಡೆ ಶೆಡ್ಡಾಗೆ ಎಂಗಸ್ರು ಒಸೀತಾರೆ. ಇದು ಸಣ್ಣುಕ್ಕೆ ಮಾಡವ್ರೆ, ಅಷ್ಟೆ."

"ಈ ಗೀರು?"

"ಅದು ಒಸ್ದೋರ ಗುರ್ತು. ಯಾರ್ದು ಎಷ್ಟಾಯ್ತು ಅಂತ ಮೇಸ್ತ್ರಿಗೆ ತಿಳೀಬೇಕಲ್ಲ."

9.30ಕ್ಕೆ ಊರಿಗಾಂನ ಶೆಡ್ಡು. ಗಣಿಯೊಳಗೆ ಬೆಳಗಿನ ಸಿಡಿತಕ್ಕೆ ನೆಲ ನಡುಗಿತು, ಅಶ್ವತ್ಥಪ್ಪ ಗೋಡೆ ಹಿಡಿದುಕೊಂಡ. ಹೆಂಗಸರು ತಲೆಯನ್ನೂ ಎತ್ತಲಿಲ್ಲ. ಮೇಸ್ತ್ರಿ ಶ್ರೀರಾಮಪ್ಪ ಹಲಗೆಗಳ ಮೇಲೆ ಸಾಲಾಗಿ ಒಣಗಲಿಟ್ಟ ಬತ್ತಿಗಳನ್ನು ತೋರಿಸಿದ. ಒಬ್ಬಳದ್ದು ಪೊರಕೆ ಕಡ್ಡಿಯ ಚುಕ್ಕೆ, ಒಬ್ಬಳದ್ದು ಹೆಬ್ಬೆರಳಿನ ಒತ್ತು, ಮತ್ತೊಬ್ಬಳು ತುದಿಯನ್ನು ಚಿವುಟಿ ಬಿಡುತ್ತಿದ್ದಳು. ಎರಡು ಉಗುರಿನ ಗೀರಿದ್ದದ್ದು ಕೊನೆಯ ಹಲಗೆಯಲ್ಲಿ, ಮಂಗಳವಾರದ ಸಾಲು.

"ಇದು ಕನಕಮ್ಮಂದು. ಇವತ್ತು ಬಂದಿಲ್ಲ ಸ್ವಾಮಿ, ಮಗ ಮ್ಯಾಲಿಂದ ಬದುಕಿ ಬಂದವ್ನಲ್ಲ. ನಿಮಗೆ ಗೊತ್ತೇ ಐತೆ, ಮುನಿಶಾಮಿ."

ಆದಿನಾರಾಯಣರು ತಮ್ಮ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಆರತಿ ತಟ್ಟೆ ಹಿಡಿದವರ ಹೆಸರುಗಳಲ್ಲಿ ಕುಪ್ಪುಸ್ವಾಮಿ ಬೆಳಗ್ಗೆ ಹೇಳಿದ್ದ ಮೊದಲ ಹೆಸರು ಕನಕಮ್ಮ. ಹೆತ್ತ ತಾಯಿ. ಅವರಿಗೆ ಸಂಕಟವಾಯಿತು, ಸುಳ್ಳು ಹೇಳಬಾರದು. ಹುಲಿಯನ್ನು ಹುಡುಕಿ ಹೋದವನಿಗೆ ಹಸು ಸಿಕ್ಕಂತಾಗಿತ್ತು. ಆದರೆ ಬಂಗಾರಪೇಟೆಯ ಲಾಕಪ್ಪಿನಲ್ಲಿ ಇನ್ನೊಬ್ಬ ಕೂತಿದ್ದ, ಗಡಿಯಾರ ಹತ್ತು ಹೊಡೆದಿತ್ತು.

ಲೈನಿನ ಮನೆಗಳ ಮುಂದೆ, ಈ ಕಂಬದಿಂದ ಆ ಕಂಬಕ್ಕೆ, ಬಿಳಿಯ ಪ್ಯಾರಾಚೂಟನ್ನು ಒಗೆದು ಒಣಹಾಕಿದ್ದರು. ಮುನಿಶಾಮಿ ಪೈಲಟ್ ಸಾಹೇಬರಿಗೆ ಗಂಜಿ ಕೊಡಲು ಆಸ್ಪತ್ರೆಗೆ ಹೋಗಿದ್ದ. ಕನಕಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ಪಕ್ಕದ ಮನೆಯ ವರಲಕ್ಷ್ಮಮ್ಮ ಅವಳಿಗೆ ಕಾಫಿ ಕುಡಿಸಲು ಹೆಣಗುತ್ತಿದ್ದಳು. ಆದಿನಾರಾಯಣರು ಏನೂ ಕೇಳದೆ ಕಾಗದ ಬಿಚ್ಚಿ ಅಂಗೈಯಲ್ಲಿ ಹಿಡಿದರು.

ಅವಳು ಬತ್ತಿಯ ತುದಿಯ ಗೀರನ್ನು ಬೆರಳಿನಿಂದ ಮುಟ್ಟಿದಳು.

"ನಂದೇ."

"ಗುರುತು ಯಾಕಮ್ಮ ಹಾಕಿದೆ?"

"ಆಕ್ಬೇಕು ಅಂತ ಆಕ್ಲಿಲ್ಲ. ಇಪ್ಪತ್ತು ವರ್ಸದ ಕೈ, ಅದೇ ಆಕ್ಬಿಡ್ತು."

ಉಳಿದದ್ದನ್ನು ಅವಳು ತಾನಾಗಿ ಹೇಳಿದಳು, ಬಚ್ಚಪ್ಪ ಬರೆದುಕೊಂಡ. ಬುಧವಾರ ಸಂಜೆ ಮಗ ಅವಳ ಕೈ ಹಿಡಿದು ವಿಮಾನದ ಸುತ್ತ ತಿರುಗಿಸಿ ಒಂದೊಂದನ್ನೂ ತೋರಿಸಿದ್ದ. ಈ ತೂತು ಯಾಕಪ್ಪ ಎಂದು ಕೇಳಿದ್ದಳು. ಸೀಮೆಎಣ್ಣೆ ಡಬ್ಬಕ್ಕೆ ಎರಡು ತೂತು ಹೊಡೆಯುತ್ತೀಯಲ್ಲಮ್ಮ, ಒಂದು ಮುಚ್ಚಿದರೆ ಎಣ್ಣೆ ಬರುವುದಿಲ್ಲ, ಹಾಗೇ ಇದೂ ಎಂದಿದ್ದ. ಡಬ್ಬದ ವಿಷಯ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮನೆಗೆ ಓಡಿ, ಹಿತ್ತಲಲ್ಲಿದ್ದ ಶೆಡ್ಡಿನ ಮಣ್ಣನ್ನು ನೆನೆಸಿ ಸಣ್ಣ ಬತ್ತಿ ಹೊಸೆದು, ಆರತಿ ತಟ್ಟೆಯಲ್ಲಿ ಹೂವಿನ ಕೆಳಗೆ ಇಟ್ಟುಕೊಂಡು ಬಂದಳು. ರೆಕ್ಕೆಗೆ ಕುಂಕುಮ ಹಚ್ಚುವಾಗ ಬೆರಳಿನಲ್ಲಿ ಒತ್ತಿ ಗಿಡಿದಳು. ಎಣ್ಣೆ ಇಳಿಯದ ವಿಮಾನ ನೆಲ ಬಿಡುವುದಿಲ್ಲ, ಜನ ನಕ್ಕು ಮನೆಗೆ ಹೋಗುತ್ತಾರೆ, ಅಷ್ಟೇ ಅವಳ ಲೆಕ್ಕ. ಬೆಳಗ್ಗೆ ವಿಮಾನ ಎದ್ದಾಗ ಬತ್ತಿ ಎಲ್ಲೋ ಬಿದ್ದುಹೋಯಿತು ಅಂದುಕೊಂಡಳು. ಆಮೇಲೆ, ದೂರದಲ್ಲಿ, ಸದ್ದು ನಿಂತಿತು.

"ಮೈದಾನದಾಗೆ ಅಷ್ಟು ಜನ ಇದ್ರಲ್ಲ ಸ್ವಾಮಿ, ಯಾರ್ಗೂ ತಿಳೀಲಿಲ್ಲ. ನಂಗೊಬ್ಳಿಗೇ ತಿಳೀತು, ನನ್ನ ಮಗನ್ನ ನಾನೇ ಕೊಂದೆ ಅಂತ."

ಯಾಕೆ ಹೀಗೆ ಮಾಡಿದೆ ಎಂದು ಆದಿನಾರಾಯಣರು ಕೇಳಿದರು. ಅವಳು ತಂತಿಯ ಮೇಲಿಂದ ಇಳಿಬಿದ್ದಿದ್ದ ಪ್ಯಾರಾಚೂಟಿನ ದಾರಗಳ ಕಡೆ ಕೈ ತೋರಿಸಿದಳು. ಹದಿನೆಂಟು ವರ್ಷದ ಹಿಂದೆ ಅವಳ ಗಂಡ ಕೇಜು ಎಂಬ ಕಬ್ಬಿಣದ ಗೂಡಿನಲ್ಲಿ ಗಣಿಗೆ ಇಳಿಯುವಾಗ ಹಗ್ಗ ಹರಿದಿತ್ತು. ತೋಳಿನಷ್ಟು ದಪ್ಪದ ಉಕ್ಕಿನ ಹಗ್ಗ. ಮಗ ಪಟಾಲಮ್ಮಿನಲ್ಲಿ ಏನು ಕೆಲಸ ಮಾಡುತ್ತಿದ್ದನೆಂದು ಅವಳಿಗೆ ತಿಳಿದಿರಲಿಲ್ಲ. ಕಾಗದದಲ್ಲಿ ಡ್ರೈವರ್ ಕೆಲಸ ಎಂದು ಬರೆಸುತ್ತಿದ್ದ. ಮಂಗಳವಾರ ಅವನು ಗಂಟು ಬಿಚ್ಚಿದಾಗಲೇ ಈ ದಾರಗಳನ್ನು ಅವಳು ಮೊದಲು ಕಂಡದ್ದು.

"ಸೀರೆ ಸೆರಗಿನ ಕುಚ್ಚು ಇದ್ದಂಗವೆ. ಇದ್ನ ನಂಬ್ಕೊಂಡು ಧುಮುಕ್ತೀನಿ ಅಂದ. ಬ್ಯಾಡ ಅಂದ್ರೆ ಕೇಳೋ ವಯಸ್ಸಾ ಅವಂದು?"

ಆ ಹೊತ್ತಿಗೆ ಮುನಿಶಾಮಿ ಖಾಲಿ ಕ್ಯಾರಿಯರ್ ಹಿಡಿದು ಬಂದ. ಬಚ್ಚಪ್ಪ ಓದುತ್ತಿದ್ದ ಹೇಳಿಕೆಯ ಕೊನೆಯ ಭಾಗವನ್ನು ನಿಂತಲ್ಲೇ ಕೇಳಿಸಿಕೊಂಡ. ಅವನು ತಾಯಿಯ ಮೇಲೆ ರೇಗಲಿಲ್ಲ. ಕ್ಯಾರಿಯರನ್ನು ಹೊಸ್ತಿಲ ಬಳಿ ಇಟ್ಟ.

"ಆ ತೂತು ತೋರ್ಸಿದ್ದು ನಾನು ಸಾರ್. ನನ್ನೂ ಬರ್ಕೊಳ್ಳಿ."

ಅದು ಅಪರಾಧವಾಗುವುದಿಲ್ಲ ಎಂದು ಆದಿನಾರಾಯಣರು ಹೇಳಿದರು. ಪೈಲಟ್ ಸಾಹೇಬರು ಹೇಗಿದ್ದಾರೆ ಎಂದು ಕನಕಮ್ಮ ಮಗನನ್ನು ಕೇಳಿದಳು. ನಡೆಯುತ್ತಾರೆ, ಆದರೆ ಇನ್ನು ವಿಮಾನ ನಡೆಸಲಾರರಂತೆ ಎಂದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳು ಬಂದದ್ದು ಆಗಲೇ.

11.25ಕ್ಕೆ ದಸ್ತಗಿರಿ. ಜೊತೆಗೆ ಹೆಂಗಸು ಇರಲೆಂದು ವರಲಕ್ಷ್ಮಮ್ಮನನ್ನೂ ಜೀಪಿಗೆ ಹತ್ತಿಸಿಕೊಂಡರು. ಠಾಣೆಯಲ್ಲಿ ಕುಪ್ಪುಸ್ವಾಮಿಯ ಬಿಡುಗಡೆಗೆ ವರದಿ ಬರೆಯಬೇಕಿತ್ತು, ಡಿವೈಎಸ್ಪಿ ಸಾಹೇಬರಿಗೆ ಫೋನು ಮಾಡಬೇಕಿತ್ತು. ಆದರೂ ಆದಿನಾರಾಯಣರು ಅಂದು ಡ್ರೈವರಿಗೆ ಬೇಗ ಹೋಗು ಎನ್ನಲಿಲ್ಲ. ಅರ್ಧ ದಾರಿಯಲ್ಲಿ ಕನಕಮ್ಮ, ಹೊರಡುವಾಗ ಮಗ ನಿಮ್ಮನ್ನು ಪಕ್ಕಕ್ಕೆ ಕರೆದು ಏನು ಹೇಳಿದ ಎಂದು ಕೇಳಿದಳು.

ಹೇಳಬಾರದ್ದೇನೂ ಅದರಲ್ಲಿರಲಿಲ್ಲ. ಅಮ್ಮ ಮನೆಗೆ ಬರುವವರೆಗೆ ನಾನು ಹಾರುವುದಿಲ್ಲ, ಅವಳಿಗೆ ಧೈರ್ಯ ಹೇಳಿ ಎಂದಿದ್ದ. ಅವರು ಹಾಗೆಯೇ ಹೇಳಿದರು.

ಕನಕಮ್ಮ ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತಳು. ನಿನ್ನೆಯಿಂದ ಮೊದಲ ಬಾರಿಗೆ ಅವಳ ಮುಖ ಸಡಿಲವಾಯಿತು.

"ಅಂಗಾದ್ರೆ ನನ್ನ ಬೇಗ ಬಿಡಬ್ಯಾಡಿ ಸ್ವಾಮಿ," ಎಂದಳು.

ಮಧ್ಯಾಹ್ನ 3.50ಕ್ಕೆ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲಾಯಿತು. ಜೀಪಿನಲ್ಲಿ ಆಡಿದ ಆ ಮಾತನ್ನು ಹೇಳಿಕೆಯಲ್ಲಿ ಸೇರಿಸಬೇಕೇ ಎಂದು ಬಚ್ಚಪ್ಪ ಕೇಳಿದ್ದಕ್ಕೆ, ಆದಿನಾರಾಯಣರು ಬೇಡ ಎಂದರು.