ಒಂದು ಮೆಟ್ಟಿಲಿನ ಅಂತರ

ಮಾನ್ಯ ವಾಚಕ ಮಹಾಶಯರೇ,

ಪ್ರೇಮವೆಂಬುದು ಬೆಳದಿಂಗಳಿನಲ್ಲಿ, ಉದ್ಯಾನವನದಲ್ಲಿ, ಕಡಲ ತಡಿಯಲ್ಲಿ ಮಾತ್ರ ಅಂಕುರಿಸತಕ್ಕದ್ದೆಂದು ತಾವು ನಂಬಿರುವುದಾದರೆ, ಆ ನಂಬಿಕೆಯನ್ನು ಅರ್ಧ ಗಂಟೆಯ ಮಟ್ಟಿಗೆ ಬದಿಗಿರಿಸಬೇಕೆಂದು ಈ ನಿರೂಪಕನು ಸವಿನಯವಾಗಿ ಪ್ರಾರ್ಥಿಸುತ್ತಾನೆ. ಈ ಕಥೆ ಜರುಗಿದ್ದು ಇಂಜಿನಿಯರಿಂಗ್ ವಿನ್ಯಾಸದ ಸಾಫ್ಟ್‌ವೇರ್ ಸಮ್ಮೇಳನವೊಂದರಲ್ಲಿ. ಎಂಟುನೂರಕ್ಕೂ ಮಿಕ್ಕಿ ಕುರ್ಚಿಗಳಿದ್ದು ಒಂದೂ ಕಿಟಕಿಯಿಲ್ಲದ, ವಿಪರೀತ ತಣ್ಣಗಿನ ಸಭಾಂಗಣದಲ್ಲಿ. ಅಲ್ಲಿ ಚಂದ್ರನಿರಲಿಲ್ಲ. ಪ್ರೊಜೆಕ್ಟರ್ ಇತ್ತು. ಅದೇ ಸಾಕಾಯಿತು.

ಬೆಳಗಿನ ಒಂಬತ್ತೂವರೆಗೆ ಅವಳು ಸಭಾಂಗಣದ ಹೊರಗಿನ ಮೊಗಸಾಲೆಯಲ್ಲಿ ನಿಂತು ಗಂಡಸರ ಎತ್ತರವನ್ನು ಅಳೆಯುತ್ತಿದ್ದಳು. ಬರಿಗಣ್ಣಿನಿಂದಲೇ. ಹದಿಮೂರು ವರ್ಷ ನಕ್ಷೆಗಳ ತಪ್ಪು ಹುಡುಕಿ ಹುಡುಕಿ ಪಳಗಿದ ಕಣ್ಣು ಅದು. ಬಾಗಿಲ ಚೌಕಟ್ಟಿನ ಕೆಳಗೆ ಯಾರಾದರೂ ಹಾದುಹೋದರೆ ಸಾಕು, ಸೆಂಟಿಮೀಟರ್ ಲೆಕ್ಕ ಹೇಳಿಬಿಡುತ್ತಿತ್ತು. ನೂರ ಎಪ್ಪತ್ತೊಂದು. ನೂರ ಎಪ್ಪತ್ತನಾಲ್ಕು. ನೂರ ಅರವತ್ತೊಂಬತ್ತು, ಬೂಟು ಸೇರಿ.

ಅವಳಿಗೆ ಬೇಕಾಗಿದ್ದುದು ನೂರ ಎಪ್ಪತ್ತೆಂಟು.

ಕೈಯಲ್ಲಿದ್ದ ಫೋನು ನಡುಗಿತು. ಮನೆಯಿಂದ ಅತ್ತಿಗೆ.

"ಸಿಕ್ಕಿದ್ನೇನೇ ನಿನ್ನ ಮೆಟ್ಟಿಲಪ್ಪ?"

"ಇನ್ನೂ ಇಲ್ಲ ಅತ್ತಿಗೆ. ಮೆಲ್ಲಗೆ ಮಾತಾಡಿ, ಪಕ್ಕದಲ್ಲಿ ಜನ ಇದ್ದಾರೆ."

"ನಾನು ಮೆಲ್ಲಗೆ ಮಾತಾಡಿದ್ರೆ ಅವನು ಸಿಕ್ಬಿಡ್ತಾನಾ? ಬಾಗಿಲಿಗೆ ಅಡ್ಡ ನಿಂತು ಒಬ್ಬೊಬ್ಬರನ್ನೇ ಕೇಳು, ಸ್ವಾಮಿ, ಮೆಟ್ಟಿಲ ಮೇಲೆ ನಿಲ್ಲೋರು ನೀವೇನಾ ಅಂತ."

"ಅದೊಂದು ಬಾಕಿ ಇತ್ತು."

"ತಮಾಷೆ ಅಲ್ಲ ಕಣೇ. ಸೋಮವಾರ ನೀನು ಸಹಿ ಹಾಕ್ತೀಯ, ಅಲ್ಲಿಗೆ ಅವರ ಕಂಪನಿ ಬೇರೆ, ನಿಮ್ಮ ಕಂಪನಿ ಬೇರೆ. ಆಮೇಲೆ ಅಡುಗೆಮನೆ ಕಟ್ಟೆ ಮೇಲೆ ಮುಖ ಸಪ್ಪೆ ಮಾಡ್ಕೊಂಡು ಕೂತ್ಕೋಬೇಡ."

ಈ ಮೆಟ್ಟಿಲಪ್ಪನ ವೃತ್ತಾಂತವನ್ನು ಇಲ್ಲಿ ಅರಿಕೆ ಮಾಡುವುದು ಉಚಿತ. ಮೂರು ವರ್ಷಗಳ ಕೆಳಗೆ ಅವಳ ಮೇಜಿಗೆ ಒಂದು ನೀರಿನ ಟ್ಯಾಂಕಿನ ನಕ್ಷೆ ಬಂದಿತು. ಬರೆದವನು ಬೇರೊಂದು ಕಂಪನಿಯವನು, ಪರಿಶೀಲಿಸುವವಳು ಇವಳು. ಟ್ಯಾಂಕಿನ ಮೈಸುತ್ತ ಐವತ್ತೆರಡು ಮೆಟ್ಟಿಲು. ಕಟ್ಟಡದ ಗಾತ್ರ ನೋಡಿದವರಿಗೆ ತಿಳಿಯಲೆಂದು ನಕ್ಷೆಗಳಲ್ಲಿ ಒಂದು ಮನುಷ್ಯಾಕೃತಿಯನ್ನು ನಿಲ್ಲಿಸುವ ರೂಢಿಯಿದೆ. ಎಲ್ಲರೂ ಸಾಫ್ಟ್‌ವೇರ್ ಕೊಡುವ ಬೂದುಬಣ್ಣದ ಗೊಂಬೆಯನ್ನು ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಇವನು ಹಾಗೆ ಮಾಡಿರಲಿಲ್ಲ. ಮೊದಲ ಮೆಟ್ಟಿಲಿನ ಮೇಲೆ, ಎಡಗೈ ಜೇಬಿನಲ್ಲಿಟ್ಟು, ಚೀಲ ಹೊತ್ತು ಬಲ ಭುಜವನ್ನು ಒಂದಿಷ್ಟು ತಗ್ಗಿಸಿ, ಯಾರಿಗೋ ಕಾಯುವವನಂತೆ ಮೇಲೆ ನೋಡುತ್ತಿದ್ದ ಮನುಷ್ಯನನ್ನು ತಾನೇ ಬರೆದಿದ್ದ. ಆ ಆಕೃತಿಯ ಎತ್ತರ ನೂರ ಎಪ್ಪತ್ತೆಂಟು; ಬರೆದವನು ತನ್ನನ್ನೇ ಬರೆದುಕೊಂಡಿದ್ದಾನೆಂದು ಅವಳು ನಂಬಿದಳು.

ತಿದ್ದುಪಡಿಗೆ ವಾಪಸು ಕಳಿಸುವಾಗ ಅವಳು, ಮೇಲಿನ ಕಟಾಂಜನದ ಕೈಹಿಡಿ ಕಂಬಿ ಗಿಡ್ಡವಾಯಿತೆಂದು ತೋರಿಸುವ ನೆಪದಲ್ಲಿ, ತುದಿಯ ಮೆಟ್ಟಿಲಿನ ಮೇಲೆ ಆಗಿನ ತನ್ನಂತೆಯೇ ಉದ್ದ ಜಡೆಯ ಹೆಂಗಸೊಬ್ಬಳನ್ನು ನಿಲ್ಲಿಸಿದಳು.

ಮುಂದಿನ ಸಲ ನಕ್ಷೆ ಬಂದಾಗ ಕಟಾಂಜನ ಎತ್ತರವಾಗಿತ್ತು. ಹೆಂಗಸು ಹಾಗೆಯೇ ಇದ್ದಳು. ಮನುಷ್ಯ ಮಾತ್ರ ಮೂರನೆಯ ಮೆಟ್ಟಿಲಿಗೆ ಬಂದಿದ್ದ.

ಅವಳು ಹೆಂಗಸನ್ನು ಒಂದು ಮೆಟ್ಟಿಲು ಇಳಿಸಿದಳು.

ಹೀಗೆ ಹತ್ತೊಂಬತ್ತು ರಿವಿಷನ್‌ಗಳು. ಒಂದು ಪತ್ರವಿಲ್ಲ, ಫೋನಿಲ್ಲ. ನಕ್ಷೆಯ ಮೂಲೆಯ ಚೌಕದಲ್ಲಿ ಅವನದೊಂದು ಕೊಕ್ಕೆಯಂಥ ಸಹಿ, ಇವಳದೊಂದು ಗೀಟು. ಫೋನು ಮಾಡಿಯಾದರೂ ಏನೆಂದು ಕೇಳುವುದು? ತಮ್ಮ ಮನುಷ್ಯನು ನಮ್ಮ ಹೆಂಗಸಿನ ಕಡೆಗೆ ಬರುತ್ತಿರುವುದು ತಮ್ಮ ಗಮನಕ್ಕೆ ಬಂದಿದೆಯೇ ಎಂದೇ? ಹತ್ತೊಂಬತ್ತನೆಯದು ಅಂತಿಮ ನಕ್ಷೆ. ಅದರಲ್ಲಿ ಇಬ್ಬರ ನಡುವೆ ಒಂದೇ ಒಂದು ಮೆಟ್ಟಿಲಿನ ಅಂತರ. ಅವಳು ಸಹಿ ಹಾಕಿದೊಡನೆ ನಕ್ಷೆಗೆ ಬೀಗ ಬಿದ್ದಂತೆ. ಆ ಇಬ್ಬರು ಎಂದೆಂದಿಗೂ ಹಾಗೆಯೇ ನಿಂತುಬಿಡುವರು. ಸಹಿಯನ್ನು ಎಂಟು ದಿನ ತಡೆದಿದ್ದಳು. ಅಷ್ಟರಲ್ಲಿ ಆ ಕಂಪನಿಯಿಂದ ಬಂದ ಮೇಲ್‌ನಲ್ಲಿ 'ನಮ್ಮ ಡ್ರಾಫ್ಟ್ಸ್‌ಮನ್ ಸಮ್ಮೇಳನಕ್ಕೆ ತೆರಳಲಿದ್ದಾರೆ' ಎಂಬ ಸಾಲು ಕಂಡಿತು. ಹೊಸ ಸಾಫ್ಟ್‌ವೇರ್ ಕೊಳ್ಳಬಹುದೇ ಎಂದು ನೋಡಿ ವರದಿ ಬರೆಯುತ್ತೇನೆಂದು ಸಾಹೇಬರನ್ನು ಒಪ್ಪಿಸಿ ಅವಳೂ ಹೊರಟುಬಂದಿದ್ದಳು.

ಅತ್ತಿಗೆಯ ಫೋನು ಇಟ್ಟೊಡನೆಯೇ ಬಾಗಿಲಿನಲ್ಲಿ ಒಬ್ಬ ಕಾಣಿಸಿದ. ನೂರ ಎಪ್ಪತ್ತೆಂಟು, ಕರಾರುವಾಕ್ಕಾಗಿ. ಅವಳ ಎದೆ ಒಂದು ಮೆಟ್ಟಿಲು ತಪ್ಪಿತು.

"ಕ್ಷಮಿಸಿ," ಎಂದಳು, "ನೀವು ನಕ್ಷೆ ಬರೀತೀರಾ?"

"ಇಲ್ಲ ಮೇಡಂ, ಕೇಬಲ್ ಎಳೀತೀನಿ," ಎಂದು ಅವನು ಹೆಗಲಿನ ಸುರುಳಿಯನ್ನು ತೋರಿಸಿದ. "ಸ್ವಲ್ಪ ಕಾಲೆತ್ತಿ."

ಅವಳು ಕಾಲೆತ್ತಿದಳು. ಕೇಬಲ್ ಹಾದುಹೋಯಿತು. ಪಕ್ಕದ ಟೀ ಮೇಜಿನಿಂದ ಯಾರೋ ನಗು ತಡೆದುಕೊಂಡ ಸದ್ದು ಕೇಳಿ ತಿರುಗಿದಳು.

ಕುಳ್ಳಗಿನ ಮನುಷ್ಯ; ಕಿವಿಯ ಹಿಂದೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ, ಈ ಕಾಲದಲ್ಲಿ. ಕೊರಳಿನ ಗುರುತಿನ ಚೀಟಿ ಹಿಂದುಮುಂದಾಗಿ ತಿರುಗಿತ್ತು. ಕಣ್ಣುಗಳು ಮಾತ್ರ ಬಾಯಿಗಿಂತ ಮೊದಲೇ ನಕ್ಕು ಮುಗಿಸಿ, ಈಗ ತಪ್ಪೊಪ್ಪಿಕೊಳ್ಳುವಂತೆ ಟೀ ಕಪ್ಪನ್ನು ನೋಡುತ್ತಿದ್ದವು.

"ನಗಬಾರದಿತ್ತು," ಎಂದ.

"ನಕ್ಕಾಯ್ತಲ್ಲ."

"ವಾಪಸ್ ತಗೊಳ್ತೀನಿ. ಒಳಗೆ ತೋರಿಸ್ತಾರಂತಲ್ಲ ಆ ಹೊಸ ಕ್ಲೌಡ್ ಸಾಫ್ಟ್‌ವೇರ್, ಅದರಲ್ಲಿ ಎಲ್ಲಾನೂ ವಾಪಸ್ ತಗೋಬಹುದಂತೆ."

"ತಗೋಬಹುದು, ಆದ್ರೆ ತಗೊಂಡಿದ್ದು ಎಲ್ಲರಿಗೂ ಕಾಣುತ್ತಂತೆ. ಅಳಿಸಿದ್ದೂ ಅದರಲ್ಲಿ ಉಳಿಯುತ್ತೆ."

"ಹಾಗಾದ್ರೆ ಕಷ್ಟ," ಎಂದು ಅವನು ಅವಳತ್ತ ಒಂದು ಕಪ್ಪು ಸರಿಸಿದ. "ಯಾರನ್ನೋ ಹುಡುಕ್ತಿದ್ದೀರಿ."

"ನೂರ ಎಪ್ಪತ್ತೆಂಟು."

"ಸೀಟ್ ನಂಬರಾ?"

"ಎತ್ತರ. ಎಡಗೈ ಯಾವಾಗ್ಲೂ ಜೇಬಲ್ಲಿ. ಬಲ ಭುಜ ಸ್ವಲ್ಪ ತಗ್ಗು, ಚೀಲ ಹೊತ್ತು ಹೊತ್ತು ಆಗಿರಬೇಕು."

ಅವನು ಎಡಗೈಯನ್ನು ಮೆಲ್ಲನೆ ಜೇಬಿನಿಂದ ತೆಗೆದು ಕಪ್ಪನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. ಟೀ ಅಷ್ಟೇನೂ ಬಿಸಿಯಿರಲಿಲ್ಲ.

"ಸಿಕ್ಕಿದ್ರೆ?"

"ಒಂದೇ ಪ್ರಶ್ನೆ. ಬೇಕಂತಲೇ ಮಾಡಿದ್ದಾ, ಕೈತಪ್ಪಿ ಆಗಿದ್ದಾ ಅಂತ."

ಅವನು ಅವಳ ಮುಖವನ್ನೊಮ್ಮೆ ನೋಡಿದ. ಕಳೆದುಹೋಗಿದೆಯೆಂದು ಕೈಬಿಟ್ಟ ವಸ್ತು ತನ್ನದೇ ಮೇಜಿನ ಮೇಲೆ ಕಂಡವನ ನೋಟ. ಕತ್ತಿನವರೆಗೆ ಕತ್ತರಿಸಿದ ಅವಳ ಕೂದಲಿನ ತುದಿಯವರೆಗೆ ಬಂದು, ಗಲಿಬಿಲಿಗೊಂಡು, ಮತ್ತೆ ಕಣ್ಣಿಗೇ ಮರಳಿತು.

"ಅಕಸ್ಮಾತ್ ಅವರು ಅಷ್ಟು ಎತ್ತರ ಇಲ್ದೆ ಹೋದ್ರೆ?"

"ಇರಲೇಬೇಕು. ನಾನು ಸ್ಕೇಲ್ ಹಿಡಿದು ನೋಡಿದೀನಿ."

"ಬರೆದವನೇ ಸುಳ್ಳು ಬರೆದಿದ್ರೆ?"

"ಅಳತೆಯಲ್ಲಿ ಸುಳ್ಳು ಹೇಳೋನ ನಕ್ಷೆಗೆ ನಾನು ಸಹಿ ಹಾಕಲ್ಲ," ಎಂದು ಅವಳು ನಕ್ಕಳು.

ಅವನು ನಗಲಿಲ್ಲ. "ನನಗೊಂದು ಸ್ವಲ್ಪ ಕೆಲಸ ಇದೆ," ಎಂದವನೇ ಕಪ್ಪನ್ನು ಅರ್ಧಕ್ಕೇ ಬಿಟ್ಟು ಸಭಾಂಗಣದೊಳಕ್ಕೆ ನಡೆದುಬಿಟ್ಟ. ಆ ಅರ್ಧ ಕಪ್ಪು ಟೀಯನ್ನು ನೋಡುತ್ತ ಅವಳಿಗೆ ಕಾರಣವಿಲ್ಲದೆ ಪಿಚ್ಚೆನಿಸಿತು. ಒಂದು ಗಳಿಗೆಯ ಮಟ್ಟಿಗೆ ಅವಳು ನೂರ ಎಪ್ಪತ್ತೆಂಟನ್ನು ಮರೆತೇಬಿಟ್ಟಿದ್ದಳು.

ಹನ್ನೊಂದಕ್ಕೆ ದೀಪಗಳು ಆರಿದವು. ನೀಲಿ ಬೆಳಕು ಸಭಾಂಗಣವನ್ನೆಲ್ಲ ತುಂಬಿ, ಎಂಟುನೂರು ಮುಖಗಳೂ ನೀರಿನಡಿಯಲ್ಲಿ ಇರುವಂತೆ ಕಂಡವು. ತೆರೆಯ ಮೇಲೆ ಸೇತುವೆಯೊಂದು ಎಲೆಯಂತೆ ತೇಲಿ ಬಂತು, ತಿರುಗಿತು, ತನ್ನ ಕಂಬಗಳನ್ನು ಒಂದೊಂದಾಗಿ ಬಿಚ್ಚಿ ತೋರಿಸಿತು. ವೇದಿಕೆಯಲ್ಲಿ ಹೊಸ ಸಾಫ್ಟ್‌ವೇರ್ ತೋರಿಸುತ್ತಿದ್ದ ತರುಣಿ ಬೆರಳಾಡಿಸಿದಂತೆಲ್ಲ ಗೋಡೆಗಳು ಮಂಜಾಗುತ್ತಿದ್ದವು. ಯಾರ ಕಂಪ್ಯೂಟರಿನಲ್ಲಿಯೂ ಇಲ್ಲದ ಕಟ್ಟಡಗಳು, ಎಲ್ಲರ ಕಣ್ಣಮುಂದೆಯೂ ಇದ್ದವು. ಅವಳು ವರದಿಯ ಪುಟ ತೆರೆದು ಏನನ್ನೂ ಬರೆಯದೆ ಕುಳಿತಳು.

"ಈಗ ನಿಜವಾದ ಒಂದು ಫೋಲ್ಡರ್ ನೋಡೋಣ," ಎಂದಳು ತರುಣಿ. "ಬೆಳಗ್ಗೆ ಒಬ್ಬರು ಓಡಿಬಂದು ಕೊಟ್ಟುಹೋದರು. ಕಳಿಸಿದ ನಕ್ಷೆ ಮಾತ್ರ ಅಲ್ಲ, ಕಳಿಸದೆ ಇಟ್ಟುಕೊಂಡ ಪ್ರತಿಗಳೂ ಇವೆ. ಎಲ್ಲವನ್ನೂ ನಮ್ಮ ಕ್ಲೌಡ್ ತಾರೀಖಿನ ಪ್ರಕಾರ ಜೋಡಿಸಿದೆ. ಮೂರು ವರ್ಷವನ್ನು ಮೂರು ನಿಮಿಷದಲ್ಲಿ ತೋರಿಸ್ತೀನಿ."

ತೆರೆಯ ಮೇಲೆ ನೀರಿನ ಟ್ಯಾಂಕು ಎದ್ದು ನಿಂತಿತು.

ಅವಳ ಕೈಯಿಂದ ಪೆನ್ನು ಜಾರಿತು.

ಮೊದಲ ಮೆಟ್ಟಿಲಿನಲ್ಲಿ ಆ ಮನುಷ್ಯ. ತುದಿಯಲ್ಲಿ ಜಡೆಯ ಹೆಂಗಸು. ಅವನು ಮೂರನೆಯ ಮೆಟ್ಟಿಲಿಗೆ ಬಂದ. ಇಷ್ಟು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಅನಂತರದ್ದು. ಕಳಿಸದೆ ಇಟ್ಟ ಪ್ರತಿಯಲ್ಲಿ, ಒಂದು ಬುಧವಾರ ಮಧ್ಯಾಹ್ನ ಮೂರು ಹತ್ತಕ್ಕೆ, ಅವನು ಅಷ್ಟೂ ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಹತ್ತಿ ಅವಳ ಪಕ್ಕದಲ್ಲಿ ನಿಂತಿದ್ದ. ಮೂರೂವರೆಗೆ ಇಳಿದುಬಂದು ನಾಲ್ಕನೆಯದರ ಮೇಲೆ ಸಭ್ಯನಾಗಿ ನಿಂತ. ಆ ನಕ್ಷೆಯೇ ಅವಳಿಗೆ ಬಂದಿದ್ದುದು.

ಮುಂದಿನ ಸಲವೂ ಹಾಗೆಯೇ. ಅದರ ಮುಂದಿನ ಸಲವೂ. ಪ್ರತಿ ರಿವಿಷನ್ನಿಗೂ ಮುಂಚೆ ಅವನು ಓಡಿ ಮೇಲೇರುವನು, ನಿಲ್ಲುವನು, ಮರಳುವನು. ಒಂದು ಪ್ರತಿಯಲ್ಲಿ ಇಬ್ಬರ ಮೇಲೂ ಒಂದು ಕೊಡೆ ಬಿಡಿಸಿದ್ದ, ಮರುದಿನ ಅಳಿಸಿದ್ದ.

"ಪಾಪ, ಈ ಮನುಷ್ಯನಿಗೆ ಮಂಡಿನೋವು ಗ್ಯಾರಂಟಿ," ಎಂದರು ಹಿಂದಿನ ಸಾಲಿನ ಒಬ್ಬರು. ಸಭೆ ನಕ್ಕಿತು. ಅವಳ ಕಣ್ಣು ಮಂಜಾಗಿ, ತೆರೆಯ ಮೇಲಿನ ಮೆಟ್ಟಿಲುಗಳೆಲ್ಲ ಅಲೆಗಳಾದವು.

ಕೈತಪ್ಪಲ್ಲ. ಹತ್ತೊಂಬತ್ತು ಸಲವೂ ಅಲ್ಲ.

ಹದಿನಾಲ್ಕನೆಯ ರಿವಿಷನ್ನಿನ ಒಂದು ಪ್ರತಿಯಲ್ಲಿ, ಕೇವಲ ಒಂದು ಗಂಟೆಯ ಅವಧಿಗೆ, ಆ ಮನುಷ್ಯ ಗಿಡ್ಡನಾಗಿದ್ದ. ಸಭೆಯಲ್ಲಿ ಯಾರೂ ಗಮನಿಸಲಿಲ್ಲ. ಅವಳ ಕಣ್ಣು ಗಮನಿಸಿತು. ನೂರ ಅರವತ್ತಾರು. ಆಮೇಲೆ ಧೈರ್ಯ ಸಾಲದವನಂತೆ ಮತ್ತೆ ಹನ್ನೆರಡು ಸೆಂಟಿಮೀಟರ್ ಬೆಳೆದುಬಿಟ್ಟಿದ್ದ.

ಬಾಗಿಲ ಚೌಕಟ್ಟಿಲ್ಲದೆಯೂ, ಟೀ ಮೇಜಿನ ಲೆಕ್ಕದಲ್ಲಿಯೂ, ಆ ಕುಳ್ಳಗಿನ ಮನುಷ್ಯ ನೂರ ಅರವತ್ತಾರೇ. ಅವನ ಎಡಗೈ ಆಗ ಜೇಬಿನಿಂದ ಹೊರಬಂದದ್ದು ಅವಳಿಗೆ ಈಗ ಅರ್ಥವಾಯಿತು.

"ಇದೇ ನಕ್ಷೆ ಈಗ ನಿಮ್ಮೆಲ್ಲರ ಫೋನಿನಲ್ಲೂ ತೆರೆಯುತ್ತೆ," ಎನ್ನುತ್ತಿದ್ದಳು ತರುಣಿ. "ಕೊಟ್ಟವರು ಒಪ್ಪಿದ್ದಾರೆ. ಧಾರಾಳವಾಗಿ ಕೈ ಹಾಕಿ."

ಬಣ್ಣಬಣ್ಣದ ನೂರಾರು ಬಾಣದ ಗುರುತುಗಳು ಮಿಂಚುಹುಳುಗಳಂತೆ ಟ್ಯಾಂಕಿಗೆ ಮುತ್ತಿದವು. ಯಾರೋ ಅದಕ್ಕೆ ಗುಲಾಬಿ ಬಣ್ಣ ಬಳಿದರು. ಇನ್ಯಾರೋ ನೆತ್ತಿಯ ಮೇಲೊಂದು ಬೆಕ್ಕನ್ನು ಕೂರಿಸಿದರು. ಅವಳು ಹೆಬ್ಬೆರಳಿನಿಂದ ಮೊದಲು ಆ ಮನುಷ್ಯನನ್ನು ಮುಟ್ಟಿದಳು. ಎತ್ತರದ ಚೌಕದಲ್ಲಿದ್ದ ನೂರ ಎಪ್ಪತ್ತೆಂಟನ್ನು ಅಳಿಸಿ ನೂರ ಅರವತ್ತಾರು ಬರೆದಳು. ಎಂಟುನೂರು ಜನರ ಮುಂದೆ ಅವನು ತನ್ನ ನಿಜವಾದ ಎತ್ತರಕ್ಕೆ ಇಳಿದ. ಆಮೇಲೆ ಅವಳು ಹೆಂಗಸನ್ನು ಹಿಡಿದು, ಉಳಿದಿದ್ದ ಆ ಒಂದು ಮೆಟ್ಟಿಲನ್ನು ಇಳಿಸಿ, ಅವನ ಪಕ್ಕದಲ್ಲಿ ನಿಲ್ಲಿಸಿದಳು. ಕೊನೆಗೆ ಕೆಂಪಕ್ಷರದ ಷರಾ:

'ಅಳತೆ ತಪ್ಪಿತ್ತು. ತಿದ್ದಲಾಗಿದೆ. ಸಹಿಗೆ ಅಡ್ಡಿಯಿಲ್ಲ.'

ಗೋಡೆಗೆ ಒರಗಿ, ಹೊರಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದವನೊಬ್ಬ ಆ ಕೈಯನ್ನು ತೆಗೆದ. ನೀಲಿ ಬೆಳಕಿನಲ್ಲಿ ಸಾಲುಗಳ ನಡುವೆ ನಿಧಾನವಾಗಿ ನಡೆದುಬಂದು ಅವಳ ಪಕ್ಕದ ಖಾಲಿ ಕುರ್ಚಿಯಲ್ಲಿ ಕುಳಿತ.

"ಕೈತಪ್ಪಲ್ಲ," ಎಂದ, ಮೆಲ್ಲಗೆ.

"ಓದಿದೆ."

"ಬಾಯಲ್ಲಿ ಹೇಳೋಕೆ ಆಗ್ತಿರಲಿಲ್ಲ. ಅದಕ್ಕೇ ಫೋಲ್ಡರ್ ಕೊಟ್ಟೆ. ಎತ್ತರದ್ದು..."

"ಹನ್ನೆರಡು ಸೆಂಟಿಮೀಟರ್. ಮೂರು ವರ್ಷದಲ್ಲಿ ನನ್ನ ಕಣ್ಣು ತಪ್ಪಿಸಿದ ಒಂದೇ ತಪ್ಪು. ನಾಚಿಕೆ ಆಗ್ಬೇಕಾದ್ದು ನನಗೆ."

ಅವನು ಅವಳ ಕಿವಿಯ ಹಿಂದಿನ ಮೋಟು ಕೂದಲನ್ನು ನೋಡಿದ. "ಆ ಜಡೆ?"

"ಆರನೇ ರಿವಿಷನ್ ಹೊತ್ತಿಗೇ ಕತ್ತರಿಸಿದ್ದೆ. ನಕ್ಷೆಯಲ್ಲಿ ತಿದ್ದಿರಲಿಲ್ಲ."

"ಹಾಗಾದ್ರೆ ನಾನೂ ಸಹಿ ಹಾಕಲ್ಲ."

"ನೀವೇ ತಿದ್ದಿ. ಪೆನ್ಸಿಲ್ ಕಿವಿ ಮೇಲೇ ಇದೆಯಲ್ಲ."

ಅವನು ಫೋನು ತೆಗೆದು, ಎಂಟುನೂರು ಜನರು ನೋಡುತ್ತಿರುವಂತೆಯೇ, ಜಡೆಯನ್ನು ಕತ್ತಿನವರೆಗೆ ಮೋಟು ಮಾಡಿದ. ಒಂದು ಕ್ಷಣ ತಡೆದು, ಇಬ್ಬರ ಮೇಲೂ ಮತ್ತೆ ಆ ಕೊಡೆಯನ್ನು ಬಿಡಿಸಿದ. ಈ ಸಲ ಅಳಿಸಲಿಲ್ಲ. ಕುರ್ಚಿಯ ತೋಳಿನ ಮೇಲೆ ಅವನ ಎಡಗೈ ಇತ್ತು. ಅವಳು ತನ್ನ ಕೈಯನ್ನು ಅದರ ಪಕ್ಕಕ್ಕೆ ತಂದು, ಬೆರಳಿನಷ್ಟೇ ಅಂತರದಲ್ಲಿ ನಿಲ್ಲಿಸಿದಳು. ಆ ಅಂತರವನ್ನು ಅವನು ದಾಟಿದ.

ಫೋನು ನಡುಗಿತು.

"ಸಿಕ್ಕಿದ್ನೇನೇ?"

"ಸಿಕ್ಕಿದ್ರು ಅತ್ತಿಗೆ."

"ಹೌದಾ. ಎಷ್ಟಿದ್ದಾನೆ ಎತ್ತರ?"

ಅವಳು ಪಕ್ಕಕ್ಕೆ ತಿರುಗಿ ನೋಡಿದಳು. ಕುಳಿತಾಗ ಇಬ್ಬರ ಕಣ್ಣುಗಳೂ ಒಂದೇ ಮಟ್ಟದಲ್ಲಿದ್ದವು.

"ಸಾಕಾಗುವಷ್ಟು," ಎಂದಳು.

ಸಾಹೇಬರಿಗೆ ಅವಳು ಬರೆದ ವರದಿ ಎರಡೇ ಸಾಲಿನದು: ಕೊಳ್ಳಲು ಯೋಗ್ಯವಾಗಿದೆ. ಅಳಿಸಿದ್ದನ್ನೂ ಕಾಪಾಡುತ್ತದೆ.

ವಾಚಕ ಮಹಾಶಯರೇ, ಇಷ್ಟೆಲ್ಲ ನಿನಗೆ ಹೇಗೆ ತಿಳಿಯಿತೆಂದು ತಾವು ಕೇಳಬಹುದು. ಸಮ್ಮೇಳನ ಮುಗಿದು ಜನರೆಲ್ಲ ಚದುರಿದ ಮೇಲೆಯೂ ಆ ಇಬ್ಬರು ಏಳಲಿಲ್ಲ. ಅವರ ಕುರ್ಚಿಯ ಕೆಳಗಿನ ಕೇಬಲ್ ಬಿಡಿಸಿಕೊಳ್ಳಲು ಹೋದವನನ್ನು ಕೂರಿಸಿಕೊಂಡು, ಒಬ್ಬರ ಮಾತನ್ನೊಬ್ಬರು ಕಸಿದುಕೊಳ್ಳುತ್ತ, ಮೊದಲಿನಿಂದ ಹೇಳಿದರು. ನೂರ ಎಪ್ಪತ್ತೆಂಟು ಸೆಂಟಿಮೀಟರ್ ಎತ್ತರವಿದ್ದೂ ಪ್ರಯೋಜನಕ್ಕೆ ಬಾರದ ಆ ಮನುಷ್ಯ ನಾನೇ. ಹೋಗುವಾಗ ಕಟ್ಟಡದ ಮುಂದಿನ ಮೆಟ್ಟಿಲುಗಳನ್ನು ಅವರು ಜೊತೆಯಾಗಿ ಇಳಿದರು. ನಡುವೆ ಒಂದರ ಮೇಲೆ, ಏನೋ ನೆನಪಾದವರಂತೆ, ಇಬ್ಬರೂ ನಿಂತರು.

ನಾನು ಕೇಬಲ್‌ಗಳನ್ನು ಇಂಗ್ಲಿಷ್ ಎಂಟರ ಆಕಾರದಲ್ಲಿ ಸುತ್ತಿ, ಪ್ರೊಜೆಕ್ಟರಿಗೆ ಅದರ ಬಟ್ಟೆ ಹೊದಿಸಿ, ಪೆಟ್ಟಿಗೆಗೆ ಬೀಗ ಹಾಕಿದೆ. ದಾರಿಯಲ್ಲಿ ಓದಲಿಟ್ಟುಕೊಂಡ ರಟ್ಟು ಕಿತ್ತ ಕಾದಂಬರಿಯನ್ನು ಜೇಬಿಗೆ ತುರುಕಿದೆ. ನಾಳೆ ಬೇರೊಂದು ಊರು, ಬೇರೊಂದು ಸಭಾಂಗಣ, ಹಲ್ಲಿನ ವೈದ್ಯರ ಸಮ್ಮೇಳನವಂತೆ. ಲಾರಿ ಹಾರ್ನ್ ಹಾಕುತ್ತಿದೆ. ಅಪ್ಪಣೆಯಾದರೆ ಹೊರಟೆ.